ಗ್ರೀಸ್ ಹಚ್ಚಿದ ಕಂಬಿ

ಚಳಿಗಾಲದ ಗಾಳಿಮಳೆ ಮುಗಿದು, ವಸಂತದ ಹಬ್ಬಕ್ಕೆ ಮನೆಮನೆಯಲ್ಲೂ ಉಪ್ಪುಮೀನಿನ ಜಾಡಿ ತೆರೆಯುವ ಕಾಲ. ಅಸರ್ ನಮಾಜು ಮುಗಿದು ಬಿಸಿಲು ತಗ್ಗುತ್ತಿದ್ದ ಹೊತ್ತು. ಕಡಲತೀರದ ಬುರುಲ್ಲುಸ್ ಊರಿನ ರಯಿಸ್ ಶಲಬಿ ಗ್ರೀಸಿನ ಡಬ್ಬಿ ಹಿಡಿದುಕೊಂಡು ತನ್ನ ಮನೆಯ ತಾರಸಿ ಹತ್ತಿದ.

ದೋಣಿ ನಡೆಸುವ ಯಜಮಾನನನ್ನು ಆ ಕಡಲತೀರದಲ್ಲಿ ರಯಿಸ್ ಅನ್ನುತ್ತಾರೆ. ಶಲಬಿ ದೋಣಿ ಮಾರಿ ಎಷ್ಟೋ ಕಾಲವಾಗಿತ್ತು. ಹೆಸರು ಮಾತ್ರ ಉಳಿದಿತ್ತು.

ತಾರಸಿಯ ಮೇಲೆ ಪಿಲ್ಲರುಗಳ ತಲೆಯಿಂದ ಕಬ್ಬಿಣದ ಕಂಬಿಗಳು ಆಕಾಶಕ್ಕೆ ಚಾಚಿ ನಿಂತಿದ್ದವು. ಆ ಊರಲ್ಲಿ ಮನೆ ಕಟ್ಟಿದವರೆಲ್ಲ ಹೀಗೆಯೇ, ಮುಂದೆ ಮಕ್ಕಳಿಗೊಂದು ಮೇಲ್ಮನೆ ಆಗಲಿ ಅಂತ ಕಂಬಿ ಬಿಟ್ಟಿರುತ್ತಾರೆ. ಶಲಬಿಗೆ ಒಬ್ಬಳೇ ಮಗಳು, ನವಾಲ್. ಮದುವೆಯಾಗಿ ದೂರದ ಪಟ್ಟಣ ಸೇರಿದ್ದಳು. ಹೆಂಡತಿ ಹಮೀದಾ ಇದ್ದಾಗ ಈ ಕಂಬಿಗಳಿಗೇ ಹಗ್ಗ ಕಟ್ಟಿ ಬಟ್ಟೆ ಹರವುತ್ತಿದ್ದಳು. ಅವಳು ಹೋದಳು, ಹಗ್ಗ ಉಳಿಯಿತು. ಈಗ ಅದರ ಮೇಲೆ ಒಬ್ಬರದೇ ಬಟ್ಟೆ ಒಣಗುತ್ತಿತ್ತು.

ಉಪ್ಪುಗಾಳಿ ಕಬ್ಬಿಣವನ್ನು ತಿನ್ನುತ್ತದೆ ಅಂತ ದೋಣಿಯವರಿಗೆ ಯಾರೂ ಹೇಳಿಕೊಡಬೇಕಿಲ್ಲ. ವರ್ಷವರ್ಷ ವಸಂತದಲ್ಲಿ ಶಲಬಿ ಕಂಬಿಗಳಿಗೆ ಗ್ರೀಸ್ ಮೆತ್ತುತ್ತಿದ್ದ, ಹಮೀದಾ ಡಬ್ಬಿ ಹಿಡಿದು ಹಿಂದೆ ಹಿಂದೆ ಬರುತ್ತಿದ್ದಳು. ಅವಳು ಹೋದಮೇಲೂ ಅವನು ಅದನ್ನು ಬಿಟ್ಟಿರಲಿಲ್ಲ.

ಈ ಸಲ ಒಂದು ಕಾರಣವೂ ಇತ್ತು. ಹಿಂದಿನ ದಿನ ಅಳಿಯ ಮೆತ್ವಲ್ಲಿ ಫೋನು ಮಾಡಿದ್ದ.

“ಮಾವ, ಕುವೈತಲ್ಲಿ ಕೆಲಸ ಸಿಕ್ತು. ಬೇಸಿಗೆ ಮುಗಿಯೋದ್ರೊಳಗೆ ಹೊರಡ್ಬೇಕು. ನವಾಲೂ ಹುಡುಗೀರೂ ನಿಮ್ಮನೆ ಮೇಲೇ ಇರ್ಲಿ. ಕಂಬಿ ರೆಡಿ ಇದೆಯಲ್ಲ, ಬೇಗ ಕಟ್ಟಿಸ್ಬಿಡಿ.”

ಶಲಬಿ ಫೋನನ್ನು ತೊಡೆಯ ಮೇಲಿಟ್ಟುಕೊಂಡು ಬಹಳ ಹೊತ್ತು ಸೂರು ನೋಡುತ್ತ ಕೂತಿದ್ದ. ಇನ್ನು ಮುಂದೆ ಅಲ್ಲಿಂದ ಮಕ್ಕಳು ಓಡುವ ಸದ್ದು ಕೇಳಬಹುದು. ಯಾರೋ ತಟ್ಟೆ ಬೀಳಿಸಬಹುದು. ನವಾಲ್ ಮೇಲಿಂದ “ಅಪ್ಪಾ, ಊಟ ಆಯ್ತಾ?” ಅಂತ ಕೂಗಬಹುದು.

ಈಗ ಗ್ರೀಸ್ ಮೆತ್ತುತ್ತ ಅವನು ಕೊನೆಯ ಪಿಲ್ಲರಿನ ಹತ್ತಿರ ಬರುವಷ್ಟರಲ್ಲಿ ಮೆಟ್ಟಿಲ ಮೇಲೆ ಏದುಸಿರು ಕೇಳಿಸಿತು. ಉಸ್ತಾ ಬಸ್ಯೂನಿ. ಉಸ್ತಾ ಅಂದರೆ ಮೇಸ್ತ್ರಿ. ಈ ಮನೆಯ ಕೆಳಗಿನ ಅಂತಸ್ತು ಕಟ್ಟಿದವನೂ ಅವನೇ, ಶಲಬಿಯ ಹಳೆಯ ಸ್ನೇಹಿತ. ಮೇಲ್ಮನೆಗೂ ಶಲಬಿ ಅವನನ್ನೇ ಕರೆಸಿದ್ದ.

“ನೋಡಯ್ಯಾ ಉಸ್ತಾ, ಹೆಂಗೆ ಮಿರಮಿರ ಅಂತಿದೆ!” ಅಂದ ಶಲಬಿ.

ಬಸ್ಯೂನಿ ಒಂದು ಕಂಬಿಯ ಮೇಲೆ ಬೆರಳಾಡಿಸಿದ. ಬೆರಳು ಕಪ್ಪಾಯಿತು. ಮುಖ ಸಪ್ಪೆಯಾಯಿತು.

“ಎಷ್ಟು ವರ್ಷದಿಂದ ಮೆತ್ತಿದ್ದೀಯ ಮಾರಾಯ?”

“ಮೊದ್ಲಿಂದ್ಲೂ. ಯಾಕೆ?”

“ದೋಣೀಲಿ ಗ್ರೀಸು ಯಾಕೆ ಹಚ್ತಿದ್ದೆ ಹೇಳು.”

“ಕಬ್ಬಿಣಕ್ಕೆ ನೀರು, ಗಾಳಿ ತಾಗ್ಬಾರ್ದು ಅಂತ. ಇದೇನು ಮಗೂಗೆ ಕೇಳಿದ ಹಾಗೆ ಕೇಳ್ತೀಯ!”

“ನೀರು ತಾಗಲ್ಲ, ಗಾಳಿ ತಾಗಲ್ಲ. ಕಾಂಕ್ರೀಟ್ ಹೆಂಗಯ್ಯಾ ತಾಗತ್ತೆ? ಅದ್ರಲ್ಲೂ ಇದು ಹಳೇ ಕಾಲದ ನುಣುಪು ಕಂಬಿ, ಹಿಡ್ಕೊಳ್ಳೋಕೆ ಮೈಮೇಲೆ ಗಂಟೂ ಇಲ್ಲ. ಕಾಂಕ್ರೀಟು ಇದನ್ನ ಬಿಗಿಯಾಗಿ ಕಚ್ಕೊಂಡ್ರೆ ತಾನೆ ಎರಡೂ ಒಂದಾಗಿ ಭಾರ ಹೊರೋದು? ಹಿಂಗೇ ಸುರಿದ್ರೆ ಕಂಬಿ ಒಳಗೆ ಜಾರತ್ತೆ. ಭೂಮಿ ಒಂದು ಸಲ ಮೈ ಕೊಡವಿದ್ರೆ ಮೇಲಿಂದು ಮೇಲೆ ಇರಲ್ಲ.”

ಶಲಬಿಯ ಕಣ್ಣು ಕೆಂಪಾಯಿತು.

“ಹಮೀದಾ ಡಬ್ಬಿ ಹಿಡ್ಕೊಂಡು ಬಿಸಿಲಲ್ಲಿ ನಿಲ್ತಿದ್ಲು. ಅದೆಲ್ಲ ದಂಡ ಅಂತೀಯಾ? ನಿಂಗೆ ಬೆನ್ನು ನೋವು, ಕೆಲ್ಸ ಮಾಡಕ್ಕಾಗಲ್ಲ, ಅದಕ್ಕೆ ಈ ನೆವ. ಹೋಗು ಹೋಗು. ಅಳಿಯ ಬೇರೆ ಜನ ಕರೀತಾನೆ.”

ಬಸ್ಯೂನಿ ಬೆರಳಿನ ಕಪ್ಪು ಒರೆಸಿಕೊಂಡು ಇಳಿದು ಹೋದ.

ಆಮೇಲೆ ಹಬ್ಬದ ತನಕ ಆ ಮನೆಗೆ ಯಾರೂ ಬರಲಿಲ್ಲ. ಶಲಬಿ ಒಬ್ಬನಿಗಾಗುವಷ್ಟು ಬೇಳೆ ಬೇಯಿಸಿದ, ಒಬ್ಬನೇ ಉಂಡ. ಅಂಗಡಿಯವನ ಹತ್ತಿರ “ಒಂದು ಬ್ರೆಡ್ಡು” ಅಂದದ್ದು ಬಿಟ್ಟರೆ ಅವನ ದನಿ ಅವನಿಗೇ ಕೇಳಿಸಲಿಲ್ಲ.

ಹಬ್ಬದ ದಿನ ಬೆಳಿಗ್ಗೆ ಬಸ್ಯೂನಿ ಮತ್ತೆ ಬಂದ. ಕೈಯಲ್ಲಿ ಚೀಸಿನ ಎರಡು ಖಾಲಿ ತಗಡಿನ ಡಬ್ಬಿ, ಒಂದು ಚೀಲದಲ್ಲಿ ಸಿಮೆಂಟು, ಮರಳು, ಜಲ್ಲಿ. ತಾರಸಿಯ ಮೂಲೆಯಲ್ಲಿದ್ದ ಎರಡು ತುಂಡು ಕಂಬಿ ಆರಿಸಿದ. ಒಂದನ್ನು ತಂತಿ ಬ್ರಷ್ಷಿನಿಂದ ಉಜ್ಜಿ ಶುದ್ಧ ಮಾಡಿದ. ಇನ್ನೊಂದಕ್ಕೆ ಶಲಬಿಯ ಗ್ರೀಸನ್ನೇ ಹಚ್ಚಿದ. ಒಂದೊಂದನ್ನು ಒಂದೊಂದು ಡಬ್ಬಿಯ ನಡುವೆ ನಿಲ್ಲಿಸಿ ಕಾಂಕ್ರೀಟ್ ತುಂಬಿದ.

“ಜಗಳ ಬೇಡ ರಯಿಸ್. ಇವೆರಡಕ್ಕೂ ದಿನಾ ನೀರು ಕುಡಿಸ್ತಿರು. ಅಷ್ಟೇ.”

“ನಂಗೇನು ಬೇರೆ ಕೆಲ್ಸ ಇಲ್ವಾ?”

“ಇದ್ಯಾ?”

ಇರಲಿಲ್ಲ. ಶಲಬಿ ಬೆಳಿಗ್ಗೆ ಸಂಜೆ ನೀರು ಹಾಕಿದ. ಬಿಸಿಲು ಹೆಚ್ಚಾದಾಗ ಒದ್ದೆ ಗೋಣಿ ಹೊದಿಸಿದ. ಕೆಲವು ದಿನ ಕಳೆಯುವಷ್ಟರಲ್ಲಿ ಚಹಾ ಲೋಟ ಹಿಡಿದು ಆ ಡಬ್ಬಿಗಳ ಪಕ್ಕದಲ್ಲೇ ಕೂರುವುದು ರೂಢಿಯಾಯಿತು. “ಏನ್ರಪ್ಪಾ, ಗಟ್ಟಿ ಆದ್ರಾ?” ಅಂತ ಕೇಳಿಯೂ ಬಿಡುತ್ತಿದ್ದ. ಅವನ ಮಾತು ಕೇಳಿಸಿಕೊಳ್ಳುವುದಕ್ಕೆ ಬೇರೆ ಯಾರಿದ್ದರು?

ಕೊನೆಗೆ ಬಸ್ಯೂನಿ ದೊಡ್ಡದೊಂದು ಪೈಪ್ ಪಾನಾ ತಂದು ಅವನ ಕೈಗೇ ಕೊಟ್ಟ.

ಶಲಬಿ ಮೊದಲು ಉಜ್ಜಿದ ಕಂಬಿಗೆ ಪಾನಾ ಹಾಕಿದ. ಬಸ್ಯೂನಿ ಡಬ್ಬಿಯನ್ನು ಎರಡು ಕಾಲಲ್ಲಿ ಅದುಮಿ ಹಿಡಿದ. ಶಲಬಿ ತಿರುಗಿಸಿದ. ಕಂಬಿ ಅಲ್ಲಾಡಲಿಲ್ಲ, ಬಸ್ಯೂನಿಯೇ ಡಬ್ಬಿಯ ಸಮೇತ ವಾಲಿದ. ಕಂಬಿ ಹಿಡಿದು ಎತ್ತಿದರೆ ಡಬ್ಬಿಯೂ ಅದರ ಜೊತೆಗೇ ಮೇಲೆ ಬಂತು.

ಆಮೇಲೆ ಗ್ರೀಸಿನ ಕಂಬಿ. ಪಾನಾ ಹಾಕಿ ಒಂದು ಸಲ ಒತ್ತಿದ್ದಷ್ಟೇ, ಕಿರ್ರ್ ಅಂತ ತಿರುಗಿತು. ಎಳೆದರೆ ಕೈಗೇ ಬಂತು. ಕಾಂಕ್ರೀಟಿನಲ್ಲಿ ಒಂದು ನುಣ್ಣನೆಯ ತೂತು ಉಳಿಯಿತು.

ಶಲಬಿ ಆ ತೂತಿನೊಳಗೆ ಬೆರಳಿಟ್ಟು ನೋಡಿದ.

“ಹಮೀದಾ ಇದ್ದಿದ್ರೆ ಏನಂತಿದ್ಲು?” ಅಂದ.

“ನಿನ್ನ ತಲೆಗೆ ಆ ಡಬ್ಬೀಲೇ ಒಂದು ಕೊಟ್ಟು, ‘ನನ್ನ ಮೊಮ್ಮಕ್ಕಳು ಮಲಗೋ ಜಾಗ ಅದು, ಉಜ್ಜು’ ಅಂತಿದ್ಲು. ಗ್ರೀಸ್ ಹಚ್ಚಿದ್ದಕ್ಕೇ ಕಬ್ಬಿಣ ಇನ್ನೂ ಉಳಿದಿದೆ ಕಣಯ್ಯಾ. ದಂಡ ಆಗಿಲ್ಲ. ಈಗ ತೆಗೀಬೇಕು, ಅಷ್ಟೇ. ನೀನೂ ಹಂಗೇ ಮೈಗೆ ಗ್ರೀಸ್ ಬಳ್ಕೊಂಡು ಕೂತಿದ್ದೀಯ. ಯಾರು ಬಂದ್ರೂ ಜಾರಿ ಹೋಗ್ಬೇಕು.”

ಶಲಬಿಗೆ ನಗು ಬಂತು. ಎಷ್ಟೋ ದಿನದ ಮೇಲೆ.

ಕಂಬಿ ಉಜ್ಜಬೇಕು ಅಂದದ್ದಕ್ಕೆ ಮೆತ್ವಲ್ಲಿ ಫೋನಿನಲ್ಲಿ ರೇಗಿದ. “ಮಾವ, ಮುಂದಿನ ವಾರಾನೇ ಸುರೀತೀವಿ ಅಂತ ನನ್ನ ಕಡೆ ಜನ ಒಪ್ಪಿದ್ದಾರೆ. ಕಂಬಿ ತೊಳೀತಾ ಕೂತ್ರೆ ನಾನು ಹೋಗೋದು ಯಾವಾಗ? ತಡ ಆದ್ರೆ ನವಾಲನ್ನ ನಮ್ಮಣ್ಣನ ಮನೇಲಿ ಬಿಟ್ಟು ಹೋಗ್ತೀನಿ.”

ಶಲಬಿ ಸೂರಿನ ಕಡೆ ನೋಡಿದ. ಆದರೂ ಹೇಳಿದ: “ಬಿಡಪ್ಪಾ. ನಾನು ಒಬ್ಬನೇ ಇರ್ತೀನಿ, ಅಭ್ಯಾಸ ಆಗಿದೆ. ಆದ್ರೆ ನೀನು ಅಷ್ಟು ದೂರ ಹೋದ್ಮೇಲೆ ಆ ಸೂರಿನ ಕೆಳಗೆ ಮಲಗೋರು ಯಾರು? ನಿನ್ನ ಹೆಂಡ್ತಿ ಮಕ್ಕಳೇ. ಅವರಿಗೆ ಜಾರೋ ಮನೆ ಕಟ್ಕೊಡಲ್ಲ ನಾನು.”

ಆ ಕಡೆಯ ದನಿ ತಗ್ಗಿತು. “ಸರಿ ಮಾವ. ನೀವು ಹೇಳ್ದಂಗೇ ಆಗ್ಲಿ.”

ಬಸ್ಯೂನಿ ಮೊದಲು ಎಂಜಿನಿಯರನ್ನು ಕರೆಸಿದ. “ತಳಪಾಯ ಇನ್ನೊಂದು ಅಂತಸ್ತು ಹೊರತ್ತಾ, ಕಂಬಿ ಎಲ್ಲಿ ಸವೆದಿದೆ ಅನ್ನೋದು ನನ್ನ ಕಣ್ಣಳತೆಗೆ ಬಿಡೋ ವಿಷಯ ಅಲ್ಲ” ಅಂದ. ಎಂಜಿನಿಯರ್ ಎಲ್ಲ ಅಳೆದು ನೋಡಿ ಸರಿ ಅಂದಮೇಲೇ ಕೆಲಸ ಹಿಡಿದರು. ಶಲಬಿ ಹಮೀದಾಳ ಹಗ್ಗ ಬಿಚ್ಚಿ ಮಡಚಿಟ್ಟ. ಗ್ರೀಸನ್ನು ಕೆರೆದ, ಸೋಡಾ ಹಾಕಿದ ಬಿಸಿನೀರಲ್ಲಿ ತೊಳೆದ, ತಂತಿ ಬ್ರಷ್ಷಿನಲ್ಲಿ ಉಜ್ಜಿದ, ಬಟ್ಟೆಗೆ ಕಪ್ಪು ಹತ್ತದಿರುವ ತನಕ ಬಿಡಲಿಲ್ಲ. ಪಿಲ್ಲರುಗಳ ತಲೆಯ ಮೇಲೆ ಪಾರಿವಾಳದ ಹಿಕ್ಕೆ, ಹಳೇ ಕಾಂಕ್ರೀಟಿನ ನುಣುಪು. ಬಸ್ಯೂನಿಯ ಆಳುಗಳು ಉಳಿಯಿಂದ ಜಲ್ಲಿ ಕಾಣುವ ತನಕ ಕೆತ್ತಿ, ದೂಳು ತೆಗೆದು, ನೀರುಣಿಸಿ, ನೀರು ನಿಲ್ಲದಂತೆ ಒರೆಸಿ, ಸಿಮೆಂಟಿನ ಗಂಜಿ ಬಳಿದು, ಅದು ಹಸಿಯಿರುವಾಗಲೇ ಹೊಸ ಕಾಂಕ್ರೀಟ್ ಸುರಿದರು. ಆಮೇಲೆ ನೀರುಣಿಸುವ ಕೆಲಸ ಯಾರದ್ದು ಅಂತ ಯಾರೂ ಕೇಳಲಿಲ್ಲ.

ಅಣ್ಣ ಅಕ್ಕಂದಿರೇ, ನಿಮ್ಮ ಮನೆಯ ತಾರಸಿ ಮೇಲೂ ಕಂಬಿಗಳು ಕಾಯುತ್ತಿರಬಹುದು. ಇವತ್ತೇ ಒಂದು ಸಲ ಹತ್ತಿ ನೋಡಿ. ಗ್ರೀಸು, ಎಣ್ಣೆ, ಬಣ್ಣ ಇದ್ದರೆ ಪೂರ್ತಿ ತೆಗೆಸಿ. ಗಟ್ಟಿಯಾಗಿ ಅಂಟಿರುವ ತೆಳು ತುಕ್ಕಿಗೆ ಹೆದರಬೇಡಿ, ಪದರ ಪದರವಾಗಿ ಏಳುವ ತುಕ್ಕನ್ನು ಉಜ್ಜದೆ ಬಿಡಬೇಡಿ. ಹಳೆಯ ಕಾಂಕ್ರೀಟಿನ ಮೈ ಕೆತ್ತದೆ, ತೊಳೆಯದೆ ಹೊಸದನ್ನು ಸುರಿಯಲು ಒಪ್ಪಬೇಡಿ. ಸಂಶಯ ಬಂದರೆ ಎಂಜಿನಿಯರನ್ನು ಕೇಳಿ. ಮೇಸ್ತ್ರಿ ಅವಸರ ಮಾಡಿದರೆ ಎರಡು ಡಬ್ಬಿ ತಂದು ನೀವೇ ಪರೀಕ್ಷೆ ಮಾಡಿ ತೋರಿಸಿ. ಕಾಂಕ್ರೀಟಿನ ಒಳಗೆ ಏನಾಗಿದೆ ಅಂತ ಆಮೇಲೆ ಯಾರ ಕಣ್ಣಿಗೂ ಕಾಣುವುದಿಲ್ಲ. ಅದರ ಕೆಳಗೆ ಮಲಗುವವರು ನಿಮ್ಮವರೇ.

ಬೇಸಿಗೆ ಮುಗಿಯುವ ಹೊತ್ತಿಗೆ ನವಾಲ್ ಎರಡು ಹೆಣ್ಣುಮಕ್ಕಳ ಜೊತೆ ಮೇಲ್ಮನೆಗೆ ಬಂದಳು. ತಾಯಿಯ ಹಗ್ಗವನ್ನು ಹೊಸ ತಾರಸಿಯಲ್ಲಿ ಕಟ್ಟಿದಳು. ಮೆತ್ವಲ್ಲಿ ಪಿಲ್ಲರಿಗೆ ಅಂಗೈ ಒತ್ತಿ ನೋಡಿದ, ಮಾವನ ಕೈಯನ್ನು ಎರಡೂ ಕೈಯಲ್ಲಿ ಹಿಡಿದ, ಪೆಟ್ಟಿಗೆ ಎತ್ತಿಕೊಂಡ. ಅವನು ಕುವೈತಿಗೆ ಹೊರಟದ್ದು ಶನಿವಾರ.