ಕಪ್ಪು ಗೆರೆಯವರೆಗೆ ನೀರು

ಬಟ್ಟೆ ಅದ್ದಿ ಹಿಂಡಿದೆ. ಗಾಜಿನ ಮೇಲಿನ ಮೂಲೆಯಿಂದ ಕೆಳಗೆ ಎಳೆದೆ. ಬಿಳಿ ಪುಡಿ ಕರಗಿ ಬಟ್ಟೆಗೆ ಬಂತು. ಮತ್ತೆ ಅದ್ದಿದೆ, ಮತ್ತೆ ಹಿಂಡಿದೆ, ಮತ್ತೆ ಎಳೆದೆ. ದವಾಖಾನೆಯ ಬಾಗಿಲು ಇನ್ನೂ ಅರ್ಧವೇ ತೆರೆದಿತ್ತು. ಮೀನಿನ ಟ್ಯಾಂಕಿಗೆ ಗಾಳಿ ಬಿಡುವ ಮೋಟರು ಗುಳುಗುಳು ಎನ್ನುವುದು ಬಿಟ್ಟರೆ ಬೇರೆ ಸದ್ದಿಲ್ಲ. ಒಣ ಬಟ್ಟೆಯಿಂದ ಕೊನೆಯ ಸಲ ಒರೆಸಿ ಎರಡು ಹೆಜ್ಜೆ ಹಿಂದೆ ಸರಿದು ನೋಡಿದೆ.

ಗಾಜು ಮಂಜು ಕೂತ ಹಾಗೇ ಇತ್ತು. ಹೊರಗಿನ ಬಿಳಿ ಹೋಗಿತ್ತು, ಒಳಗಿನದು ಹೋಗಿರಲಿಲ್ಲ. ಹೊರಗಿನದೂ ನಾಳೆ ಬೆಳಿಗ್ಗೆಗೆ ಮತ್ತೆ ಬರುತ್ತದೆಂದು ನನಗೆ ಗೊತ್ತಿತ್ತು. ಒಂದು ತಿಂಗಳಿಂದ ಹೀಗೇ.

ನಾನು ಹಟ್ಟಿಕೇರಿಯವಳು. ಕಾರವಾರದ ಹಬ್ಬುವಾಡದಲ್ಲಿ ಮಂದಾಕಿನಿ ಡಾಕ್ಟರ ಹಲ್ಲಿನ ದವಾಖಾನೆಯಲ್ಲಿ ಗುಡಿಸಿ ಒರೆಸುವ ಕೆಲಸ. ಎಂಟನೆಯ ಇಯತ್ತೆ ಮುಗಿದ ಮೇಲೆ ಶಾಲೆಗೆ ಹೋಗಲಿಲ್ಲ. ನನ್ನ ಹೆತ್ತ ಆಯಿಗೆ ಮೀನು ಒಣಗಿಸಲು ಜೊತೆಗೆ ಜನ ಬೇಕಿತ್ತು. ಹೊಸಬರ ಎದುರು ನನಗೆ ಮಾತು ಬರುವುದಿಲ್ಲ. ನೋಡುವುದು ಬರುತ್ತದೆ. ಯಾರ ಹಲ್ಲು ಎಷ್ಟು ನೋಯುತ್ತಿದೆ ಎನ್ನುವುದನ್ನು ಅವರು ಕುರ್ಚಿಯಲ್ಲಿ ಕೂತ ರೀತಿಯಲ್ಲೇ ಹೇಳಬಲ್ಲೆ.

ಹೆದರಿಕೊಂಡು ಬಂದವರ ಮನಸ್ಸು ಬೇರೆ ಕಡೆ ಹೋಗಲಿ ಎಂದು ಡಾಕ್ಟರಬಾಯಿ ಆ ಟ್ಯಾಂಕು ಇಡಿಸಿದ್ದು. ಉಪ್ಪುನೀರಿನ ಟ್ಯಾಂಕು. ಒಳಗೆ ಕಿತ್ತಳೆ ಮೈಗೆ ಬಿಳಿ ಪಟ್ಟೆಯ ಎರಡು ಮೀನು, ನೀಲಿಯದು ಒಂದು. ಜನ ಕಾಯುವ ಕೋಣೆಗೂ ಒಳಗಿನ ಓಣಿಗೂ ನಡುವೆ ಗೋಡೆ ಒಡೆದು ಕೂರಿಸಿದ್ದರಿಂದ ಅದು ಎರಡೂ ಕಡೆಯಿಂದ ಕಾಣುತ್ತದೆ.

ಪ್ರತಿ ತಿಂಗಳ ಮೊದಲ ಶನಿವಾರ ಅಂಕೋಲೆಯ ಬೊಬ್ರುವಾಡದಿಂದ ಸಂಕೇತ ಎಂಬವರು ಬೈಕಿನಲ್ಲಿ ಬರುತ್ತಿದ್ದರು. ಟ್ಯಾಂಕು ಕೂರಿಸಿದವರೂ ಅವರೇ, ನೋಡಿಕೊಳ್ಳುವವರೂ ಅವರೇ. ಅವರು ಹೊರಗಿನ ಕೋಣೆಯ ಕಡೆ ನಿಂತು ಗಾಜು ತಿಕ್ಕುತ್ತಿದ್ದರು. ನಾನು ಓಣಿಯ ಕಡೆ ಬಕೆಟ್ ಹಿಡಿದು ನಿಲ್ಲುತ್ತಿದ್ದೆ. ನಡುವೆ ನೀರು. ಎದುರೆದುರು ನಿಂತರೆ ತಲೆ ಎತ್ತದವಳು, ನೀರಿನ ಆಚೆ ಇದ್ದ ಮುಖವನ್ನು ಎಷ್ಟು ಹೊತ್ತಾದರೂ ನೋಡುತ್ತಿದ್ದೆ. ಅವರ ಎಡ ಹುಬ್ಬಿನ ಮೇಲೆ ಸಣ್ಣ ಗಾಯದ ಗುರುತಿದೆ. ಕೆಲಸದಲ್ಲಿ ಮುಳುಗಿದಾಗ ನಾಲಿಗೆಯ ತುದಿ ತುಟಿಯ ಮೂಲೆಗೆ ಬರುತ್ತದೆ. ಒಮ್ಮೆ ಅವರು ಗಾಜಿಗೆ ಬೆರಳು ಬಡಿದು, "ನಾಗುಬಾಯಿ, ಮೀನು ನೋಡ್ತ್ರೋ, ನನ್ನ ನೋಡ್ತ್ರೋ?" ಎಂದು ಕೇಳಿದರು. ನಾನು ಬಕೆಟ್ ಬಿಟ್ಟು ದವಾಖಾನೆಯ ಹಿಂದಿನ ಅಡುಗೆಮನೆಗೆ ಓಡಿದ್ದೆ. ಆಚೆ ಅವರು ನಗುವುದು ಕೇಳಿತು. ಆ ನಗುವನ್ನು ಬಸ್ಸಿನಲ್ಲಿ ಹಟ್ಟಿಕೇರಿಯವರೆಗೂ ಒಯ್ದೆ.

ಜೂನ್ ತಿಂಗಳಲ್ಲಿ ಬಂದಾಗ ಅವರು ಹೊರಡುವ ಸುದ್ದಿ ಹೇಳಿದರು.

"ಕೇರಳದಲ್ಲಿ ಬಣ್ಣದ ಮೀನಿನ ಮರಿ ಮಾಡ್ಸೂದು ಕಲಿಸ್ತ್ರು. ಆರು ತಿಂಗಳು ಹೋಗ್ತೆ. ಅಲ್ಲಿವರೆಗೆ ಇದು ನಿಮ್ಮ ಕೈಲಿ."

ಗಾಜಿನ ಒಳಗೂ ಹೊರಗೂ ಅಂಟಿಕೊಂಡು ಜಾರುವ ಮ್ಯಾಗ್ನೆಟ್ ಬ್ರಷ್ ಕೊಟ್ಟರು. ಅದನ್ನು ತಳದ ಮರಳಿಗೆ ತಾಗಿಸಬಾರದೆಂದರು. ಗಾಜಿನ ಮೇಲೆ ಕಪ್ಪು ಪೆನ್ನಿನಿಂದ ಒಂದು ಗೆರೆ ಎಳೆದರು.

"ನೀರು ಆರಿ ಇದರ ಕೆಳಗೆ ಇಳಿದ್ರೆ, ಅಡುಗೆಮನೆ ಫಿಲ್ಟರಿನ ನೀರು ಹಾಕಿ. ಗೆರೆ ಮುಟ್ಟೂ ಅಷ್ಟೇ. ಮತ್ತೆ ನೀವು ಮೀನು ಹಿಡಿಯೂ ಹರಿಕಂತ್ರರ ಮನೆಯವರು, ನೀರಿನ ವಿಷಯ ನಿಮಗೆ ನಾನೆಂತ ಹೇಳೂದು?"

ತಮ್ಮ ನಂಬರು ಬರೆದ ಚೀಟಿಯನ್ನು ಟ್ಯಾಂಕಿನ ಕೆಳಗಿನ ಕಪಾಟಿಗೆ ಅಂಟಿಸಿ, "ಗಾಜು ಮಸುಕಾದ್ರೆ ಫೋನ್ ಮಾಡಿ. ದೀಪಾವಳಿ ಆದ್ಮೇಲೆ ಬಂದು ನೋಡ್ತೆ" ಎಂದರು.

ಸಮುದ್ರದ ಮೀನಿಗೆ ಸಿಹಿನೀರೇಕೆ ಎಂದು ಕೇಳಬೇಕೆನಿಸಿತು. ಬಾಯಿ ಬರಲಿಲ್ಲ. ಮೊದಲ ಸಲ ನೀರು ಗೆರೆಯ ಕೆಳಗಿಳಿದಾಗ ಮನೆಯಲ್ಲಿ ಆಯಿಯನ್ನು ಕೇಳಿದೆ. ಬಂಗಡೆ ಸೀಳುತ್ತಿದ್ದವಳು ಕತ್ತಿ ನಿಲ್ಲಿಸಿ ನನ್ನನ್ನೇ ನೋಡಿದಳು.

"ಸಮುದ್ರದ ಮೀನಿಗೆ ನಲ್ಲಿ ನೀರಾ? ಯಾವ ಮುಠ್ಠಾಳ ಹೇಳಿದ್ದು?"

ನನಗೆ ಸಿಟ್ಟು ಬಂತು. ಆದರೆ ಅವಳು ಹೇಳಿದ್ದೇ ಸರಿ ಅನಿಸಿತು. ಮಾರನೆಯ ದಿನದಿಂದ ಬಸ್ಸಿಳಿದವಳು ನೇರ ಕಾರವಾರದ ಸಮುದ್ರದಂಡೆಗೆ ಹೋಗಿ ಐದು ಲೀಟರಿನ ಕ್ಯಾನು ತುಂಬಿಸತೊಡಗಿದೆ. ಮಳೆಗಾಲದ ಕೆಂಪು ನೀರು. ಕೆಸರು ತಳಕ್ಕೆ ಕೂರುವವರೆಗೆ ಇಟ್ಟು, ಎರಡು ಮಡಿಕೆ ಬಟ್ಟೆಯಲ್ಲಿ ಸೋಸಿ, ಕಪ್ಪು ಗೆರೆಯವರೆಗೆ ಹಾಕುತ್ತಿದ್ದೆ. ಜೂನ್, ಜುಲೈ, ಆಗಸ್ಟ್, ಸೆಪ್ಟೆಂಬರ್. ಮೀನು ಚೆನ್ನಾಗಿದ್ದವು, ಗಾಜು ಇಲ್ಲವೇ ಇಲ್ಲ ಎಂಬಷ್ಟು ತಿಳಿಯಾಗಿತ್ತು. ಅವರು ಬಂದಾಗ ಹೇಳಬೇಕಾದ ಮಾತನ್ನು ಬಸ್ಸಿನ ಕಿಟಕಿಗೆ ಎಷ್ಟೋ ಸಲ ಹೇಳಿ ನೋಡಿದ್ದೆ: ನಿಮ್ಮ ಮೀನಿಗೆ ಐದು ತಿಂಗಳು ಸಮುದ್ರವನ್ನೇ ತಂದು ಕೊಟ್ಟಿದ್ದೇನೆ.

ದೀಪಾವಳಿ ಹೋಯಿತು. ಅವರು ಬರಲಿಲ್ಲ. ಗಾಜು ಮಸುಕಾಗತೊಡಗಿತು.

ಮೊದಲ ದಿನ ಆ ಬಿಳಿಯನ್ನು ಕಂಡಾಗ ಹೆದರಿಕೆಯ ಜೊತೆ ಒಂದಿಷ್ಟು ಸಂತೋಷವೂ ಆಯಿತು ಎಂದರೆ ಯಾರೂ ನಂಬಲಿಕ್ಕಿಲ್ಲ. ಫೋನ್ ಮಾಡಲು ಕಾರಣ ಸಿಕ್ಕಿತ್ತು. ಚೀಟಿಯ ಎದುರು ಕುಕ್ಕರಗಾಲಲ್ಲಿ ಕೂತು ನಂಬರು ಒತ್ತಿದೆ. ಕೊನೆಯ ಅಂಕಿ ಒತ್ತುವ ಮೊದಲೇ ಅಳಿಸಿದೆ. ಏನು ಹೇಳಲಿ? ನೀವು ಹೇಳಿದ್ದು ಮಾಡಲಿಲ್ಲ, ಈಗ ಹೀಗಾಗಿದೆ ಎಂದೇ?

ಬಿಳಿ ದಿನದಿಂದ ದಿನಕ್ಕೆ ಹೆಚ್ಚಿತು. ಡಿಸೆಂಬರಿನ ಒಂದು ಸೋಮವಾರ ಡಾಕ್ಟರಬಾಯಿ ಟ್ಯಾಂಕಿನ ಎದುರು ನಿಂತರು.

"ನಾಗು, ಇದರೊಳಗೆ ಮೀನು ಅದೆ ಅಂತ ಪೇಶಂಟಿಗೆ ನಾನು ಬಾಯಲ್ಲಿ ಹೇಳ್ಬೇಕಾ? ತಿಂಗಳ ಕೊನೆವರೆಗೆ ನೋಡ್ತೇನೆ. ಆಗ್ಲಿಲ್ಲ ಅಂದ್ರೆ ಮೀನು ಯಾರಿಗಾದ್ರೂ ಕೊಟ್ಟು ಅಲ್ಲಿ ಟೀವಿ ಹಾಕ್ಸುವಾ."

ಅವರು ಒಳಗೆ ಹೋದ ಮೇಲೆ, ಹೆಸರು ಬರೆದುಕೊಳ್ಳುವ ಮೇಜಿನ ಅಮಿತಾ ಪೆನ್ನಿನ ತುದಿ ಕಚ್ಚಿಕೊಂಡು ಹೇಳಿದಳು. "ನಿನ್ನ ಮೀನಿನ ಮಾಸ್ತರು ಅಂಕೋಲೆಗೆ ಬಂದು ಹದಿನೈದು ದಿನ ಆಯ್ತಂತೆ. ನಮ್ಮ ಅಣ್ಣ ಬಸ್ ಸ್ಟ್ಯಾಂಡಿನ ಹತ್ರ ಕಂಡಿದ್ನಂತೆ. ಬೈಕ್ ಅದೇ, ಗಡ್ಡ ಹೊಸದು."

ನಾನು ನೆಲ ಒರೆಸುತ್ತಲೇ ಇದ್ದೆ.

"ಒರೆಸಿದ್ದೇ ಒರೆಸ್ತೆ ಅಲ್ದನೇ. ಟೈಲ್ಸ್ ತೂತಾಗ್ತದೆ ಮಾರಾಯ್ತಿ."

ಟ್ಯಾಂಕು ಹೋದರೆ ಅವರಿಗೆ ಈ ಬಾಗಿಲಿಗೆ ಬರಲು ಕಾರಣವೇ ಇರುವುದಿಲ್ಲ. ಅಂದು ಸಂಜೆ ಎಲ್ಲರೂ ಹೋದ ಮೇಲೆ ಮ್ಯಾಗ್ನೆಟ್ ಬ್ರಷ್ ಹಿಡಿದು ಸಿಟ್ಟಿನಿಂದ ತಿಕ್ಕಿದೆ. ತಳದವರೆಗೂ ಒಯ್ದೆ. ಮೇಲೆ ಎಳೆಯುವಾಗ ಕರ್ ಎಂದಿತು. ಬ್ರಷ್ ತೆಗೆದು ನೋಡಿದರೆ ಅದರ ಎಳೆಗಳಲ್ಲಿ ಒಂದೇ ಒಂದು ಮರಳಿನ ಕಾಳು. ಗಾಜಿನ ಮೇಲೆ ಗೇಣುದ್ದದ ಗೀರು, ಕುಡುಗೋಲಿನ ಹಾಗೆ ಬಾಗಿದ್ದು. ಅವರ ಮುಖ ಕಾಣುತ್ತಿದ್ದ ಎತ್ತರದಲ್ಲೇ.

ಎರಡು ದಿನದ ಮೇಲೆ ಆಯಿ ಹಲ್ಲುನೋವು ಎಂದು ನನ್ನ ಜೊತೆ ಬಸ್ಸು ಹತ್ತಿದಳು. ನಮ್ಮಾಯಿ ಮಾದೇವಿ ಸುಮ್ಮನೆ ಕೂರುವವಳಲ್ಲ. ಊದಿದ ಕೆನ್ನೆಗೆ ಸೆರಗು ಒತ್ತಿಕೊಂಡೇ ಟ್ಯಾಂಕಿನ ಹತ್ತಿರ ಹೋದಳು. ಮೇಲಿನ ಮುಚ್ಚಳ ಸರಿಸಿದಳು. ನಾನು ತಡೆಯುವ ಮೊದಲೇ ಬೆರಳು ಅದ್ದಿ ನಾಲಿಗೆಗೆ ಇಟ್ಟಳು.

"ಥೂ! ಎಂತ ನೀರೆ ಇದು?"

"ಸಮುದ್ರದ್ದೇ ಆಯಿ. ನಾನೇ ತಂದದ್ದು."

"ನಲವತ್ತು ವರ್ಷ ಸಮುದ್ರದ ನೀರು ಬಾಯಿಗೆ ಹೋಗ್ಯದೆ ನಂಗೆ. ಇದು ಸಮುದ್ರ ಅಲ್ಲ. ಬಂಗಡೆ ಉಪ್ಪಿಗೆ ಹಾಕೂ ಮಡಕೆ ನೀರು."

ಕಾಯುತ್ತಿದ್ದವರೆಲ್ಲ ತಿರುಗಿ ನೋಡಿದರು. ಅಮಿತಾ ಬಾಯಿಗೆ ಕೈ ಅಡ್ಡ ಹಿಡಿದಳು. ಆಯಿಗೆ ಅದರ ಪರಿವೆ ಇಲ್ಲ.

"ಎಷ್ಟು ದಿನಕ್ಕೊಂದ್ಸಲ ಹಾಕ್ತೆ?"

"ದಿನಾ. ಆರಿದಷ್ಟು."

"ಆರೂದು ಎಂತ? ನೀರು ಆರ್ತದೆ. ಉಪ್ಪು ಆರ್ತದ್ಯೆ?" ಆಯಿ ಕೆನ್ನೆಯ ನೋವು ಮರೆತು ನನ್ನ ತಲೆಗೊಂದು ಮೊಟಕಿದಳು. "ಸಾಣಿಕಟ್ಟೆಯಲ್ಲಿ ಉಪ್ಪು ಹ್ಯಾಂಗೆ ಮಾಡ್ತ್ರು? ಗದ್ದೆಗೆ ಸಮುದ್ರದ ನೀರು ಬಿಡ್ತ್ರು, ಆರಿದ ಮೇಲೆ ಮತ್ತೂ ಬಿಡ್ತ್ರು. ನೀ ಡಾಕ್ಟರಮ್ಮನ ಮನೇಲಿ ಉಪ್ಪಿನ ಗದ್ದೆ ಮಾಡಿ ಕೂತಿದ್ದೆ!"

"ಸಮುದ್ರದ್ದೇ ಹಾಕು ಅಂದವಳು ನೀನೇ."

"ನಾನು ಮೀನು ಕೊಲ್ಲೂದ್ರಲ್ಲಿ ಹುಶಾರಿ. ಸಾಕೂದ್ರಲ್ಲಿ ಎಂದಾದ್ರೂ ಹೌದಾ?" ಎಂದವಳು ನಗಲು ಹೋಗಿ ಅಯ್ಯಯ್ಯೋ ಎಂದು ಕೆನ್ನೆ ಹಿಡಿದುಕೊಂಡಳು.

ಅವಳ ಹಲ್ಲು ಕೀಳಿಸಿ, ಹತ್ತಿ ಕಚ್ಚಿಸಿ ಬಸ್ಸು ಹತ್ತಿಸಿದ ಮೇಲೆ ಸಮುದ್ರದಂಡೆಗೆ ಹೋದೆ. ಅಲೆಯ ನೀರು ಬೊಗಸೆಯಲ್ಲಿ ಹಿಡಿದು ನಾಲಿಗೆಗೆ ತಾಗಿಸಿದೆ. ಕಟುವಾದ ಉಪ್ಪು. ಆಗ ಅರ್ಥವಾಯಿತು. ಮಳೆಗಾಲದಲ್ಲಿ ಕಾಳಿ ನದಿ ಕೆಂಪಾಗಿ ಬಂದು ಇದೇ ದಂಡೆಗೆ ಸೇರುತ್ತದೆ. ನಾನು ಸಮುದ್ರ ಎಂದು ಹೊತ್ತು ಒಯ್ದದ್ದು ಹೆಚ್ಚಿನಪಾಲು ಹೊಳೆಯನ್ನು. ಅದಕ್ಕೇ ನಾಲ್ಕು ತಿಂಗಳು ಏನೂ ಆಗಲಿಲ್ಲ. ದಸರೆಯ ನಂತರ ಹೊಳೆ ಸೊರಗಿತು, ಸಮುದ್ರ ಸಮುದ್ರವಾಯಿತು, ನನ್ನ ಕ್ಯಾನು ಮಾತ್ರ ಅದೇ. ಹರಿಕಂತ್ರರ ಮಗಳಾಗಿ ನೀರನ್ನು ಒಮ್ಮೆಯೂ ಬಾಯಿಗಿಟ್ಟು ನೋಡಿರಲಿಲ್ಲ. ಅವರು ಮೊದಲ ದಿನವೇ ಸರಿಯಾಗಿ ಹೇಳಿದ್ದರು.

ಒಂದೇ ಸಲ ನೀರು ಬದಲಿಸಿದರೆ ಮೀನು ತಡೆಯುವುದಿಲ್ಲ ಅನಿಸಿತು. ದಿನಕ್ಕೆ ಎರಡು ಮಗ್ಗು ಟ್ಯಾಂಕಿನ ನೀರು ತೆಗೆದು, ಎರಡು ಮಗ್ಗು ಫಿಲ್ಟರಿನ ನೀರನ್ನು ದಾರದ ಹಾಗೆ ಸಣ್ಣಗೆ ಬಿಟ್ಟೆ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ನಾಲಿಗೆಗೆ ಹಚ್ಚಿ ನೋಡಿದೆ. ಮೇಲಿನ ಅಂಚಿನಲ್ಲಿ ಕಲ್ಲಿನಂತೆ ಕೂತಿದ್ದ ಬಿಳಿಯನ್ನು ಅವಧಿ ಮುಗಿದ ಎಟಿಎಂ ಕಾರ್ಡಿನಿಂದ ಮೆಲ್ಲಗೆ ಕೆರೆದೆ. ಹೊರಗಡೆಯ ಹಟಮಾರಿ ಕಲೆಗೆ ವಿನೆಗರಿನ ಬಟ್ಟೆ ಹಿಡಿದೆ, ಒಂದು ಹನಿಯೂ ಒಳಗೆ ಬೀಳದಂತೆ. ಒಳಗಿನ ಪಾಚಿಯ ಪೊರೆಗೆ ಬ್ರಷ್, ಮರಳಿಗಿಂತ ನಾಲ್ಕು ಬೆರಳು ಮೇಲೆಯೇ. ಆರನೆಯ ದಿನ ನೀಲಿ ಮೀನು ಕಲ್ಲಿನ ಸಂದಿಯಿಂದ ಹೊರಗೆ ಬಂತು. ಹನ್ನೆರಡನೆಯ ದಿನ ಗಾಜು ಇಲ್ಲವೇ ಇಲ್ಲ ಅನ್ನಿಸಿತು. ಗೀರು ಮಾತ್ರ ಹೋಗಲಿಲ್ಲ.

ಡಾಕ್ಟರಬಾಯಿ ಕನ್ನಡಕ ತೆಗೆದು, ಹಾಕಿ, ಮತ್ತೆ ತೆಗೆದು ನೋಡಿದರು.

"ಭಾರೀ ಚಲೋ ಆಯ್ತಲ್ಲೇ! ಟೀವಿ ಬೇಡ, ಇದೇ ಇರ್ಲಿ."

ನನ್ನ ಎದೆ ಹಗುರಾಯಿತು. ಅವರು ಒಳಗೆ ಹೋಗುತ್ತ ಹೇಳಿದರು. "ಸಂಕೇತನಿಗೆ ಈಗ್ಲೇ ಮೆಸೇಜ್ ಹಾಕ್ತೇನೆ. ಇನ್ನು ತಿಂಗಳು ತಿಂಗಳು ಅವ ಬರೂದು ಬೇಡ. ನಮ್ಮ ನಾಗುನೇ ಎಲ್ಲ ಕಲ್ತಿದ್ದಾಳೆ."

ಕೈಯಲ್ಲಿದ್ದ ಮಗ್ಗಿನ ನೀರು ಗೆರೆ ದಾಟುವವರೆಗೆ ಬಿದ್ದದ್ದು ನನಗೆ ಗೊತ್ತಾಗಲಿಲ್ಲ. ಗೊತ್ತಾದ ಮೇಲೆ ಹೆಚ್ಚಾದದ್ದನ್ನು ತೆಗೆದೆ. 'ಡಾಕ್ಟರಬಾಯಿ, ಅವರು ಬರಲಿ' ಎನ್ನಬೇಕಿತ್ತು. ಡಾಕ್ಟರಬಾಯಿಯ ಯಂತ್ರ ಒಳಗೆ ಕೊರೆಯತೊಡಗಿತ್ತು.

ಮಧ್ಯಾಹ್ನ ದವಾಖಾನೆ ಮುಚ್ಚಿ ಅಮಿತಾ ಊಟಕ್ಕೆ ಹೋದಳು. ಓಣಿಯ ಕಡೆ ಸ್ಟೂಲ್ ಎಳೆದುಕೊಂಡು ಕೂತೆ. ನೀರಿನ ಆಚೆ ಖಾಲಿ ಕುರ್ಚಿಗಳು ಒಂದೊಂದೂ ಸ್ಪಷ್ಟವಾಗಿ ಕಾಣುತ್ತಿದ್ದವು. ಅಷ್ಟು ಸ್ಪಷ್ಟ ಕಾಣಬಾರದಿತ್ತು. ಈ ಸಲ ಹತ್ತೂ ಅಂಕಿ ಒತ್ತಿದೆ. ರಿಂಗಾಗಿ ರಿಂಗಾಗಿ ನಿಂತಿತು. ಇನ್ನೊಮ್ಮೆ ಮಾಡಿದೆ. ಮತ್ತೆ ನಿಂತಿತು.

ಮೆಸೇಜಿನ ಮೈಕಿನ ಗುರುತಿನ ಮೇಲೆ ಬೆರಳು ಒತ್ತಿ ಹಿಡಿದೆ. ಮೊದಲು ಮೋಟರಿನ ಸದ್ದಷ್ಟೇ ಹೋಗಿರಬೇಕು.

"ನಾನು ನಾಗು, ದವಾಖಾನೆಯಿಂದ. ನೀವು ಹೇಳಿದ ಹಾಗೆ ಮಾಡ್ಲಿಲ್ಲ, ಸಮುದ್ರದ ನೀರು ಹಾಕಿದ್ದೆ. ಈಗ ಸರಿ ಮಾಡಿದೆ. ಮೀನು ಮೂರೂ ಅವೆ. ಆದ್ರೆ ಗಾಜಿನ ಮೇಲೆ ಒಂದು ಗೀರು ಬಿದ್ದದೆ, ನನ್ನಿಂದಲೇ. ಅದು ನನ್ನ ಕೈಯಲ್ಲಿ ಹೋಗೂದಿಲ್ಲ."

ಬೆರಳು ತೆಗೆದೆ. ಸಂದೇಶ ಹೋಯಿತು. ಹೇಳಬೇಕಾದದ್ದು ಅದಲ್ಲ. ಗೋಡೆಯ ಗಡಿಯಾರದಲ್ಲಿ ಎರಡು ಗಂಟೆ ಆಗುವವರೆಗೆ ಫೋನನ್ನೇ ನೋಡುತ್ತ ಕೂತೆ. ನೀಲಿ ಮೀನು ಗೀರಿನ ಹಿಂದೆ ಎರಡು ಸಲ ಹಾದುಹೋಯಿತು. ಹೊರಗೆ ಅಮಿತಾಳ ಚಪ್ಪಲಿಯ ಸದ್ದು ಕೇಳಿದಾಗ ಮತ್ತೊಮ್ಮೆ ಬೆರಳು ಒತ್ತಿದೆ.

"ಒಂದ್ಸಲ ಬನ್ನಿ."