ಮೊಳೆಗೆ ನೇತುಹಾಕಿದ ಪೈಪುಗಳು

"ನಿಧಾನ ಕಣೋ, ನಿಧಾನ! ಅದು ನನ್ನ ಅನ್ನದ ತಟ್ಟೆ, ಬೀಳಿಸಬೇಡ."

ಚೈನ್ ಪುಲ್ಲಿಗೆ ಜೋತುಬಿದ್ದ ಎಂಜಿನ್ ಜೀಪಿನ ಬಾಯಿಂದ ಹೊರಬಂದು, ಗಾಳಿಯಲ್ಲಿ ಅರ್ಧ ಸುತ್ತು ತಿರುಗಿ, ಇನ್ನೆಲ್ಲಿಗೆ ಹೋಗಲಿ ಎಂದು ಯೋಚಿಸುವ ಹಾಗೆ ನಿಂತಿತು. ಅಕ್ಕ ಎರಡೂ ಕೈ ಮುಂದೆ ಚಾಚಿದ್ದಳು, ಬಿದ್ದರೆ ಹಿಡಿದುಬಿಡುವವಳಂತೆ. ಸರಪಳಿ ಎಳೆಯುತ್ತಿದ್ದ ತಮ್ಮ ಅವಳ ಕಡೆ ನೋಡಲೇ ಇಲ್ಲ.

"ನಿಧಾನ ಅಂದೆ!"

ಅವನು ಎಂಜಿನನ್ನು ಮರದ ದಿಮ್ಮಿಗಳ ಮೇಲೆ ಇಳಿಸಿದ. ತೋಳಿನಿಂದ ಮುಖ ಒರೆಸಿಕೊಂಡ. ಆಮೇಲೆ ತಿರುಗಿ ಅವಳ ಕೈ ನೋಡಿ ನಕ್ಕ. "ಏನದು, ಹೆರಿಗೆ ಮಾಡಿಸೋಕೆ ಬಂದೋಳ ಥರ ನಿಂತಿದೀಯಲ್ಲ?"

ಆ ಬೀದಿಯಲ್ಲಿ ಅವಳಿಗಿಂತ ದೊಡ್ಡವರೂ ಅವಳನ್ನು ಅಕ್ಕ ಎಂದೇ ಕರೆಯುತ್ತಿದ್ದರು. ಬೆಟ್ಟದ ಮೇಲಿನ ಹಳ್ಳಿಗಳಿಗೆ ಸಿಮೆಂಟು, ಸೀಮೆಎಣ್ಣೆ, ಶಾಲೆಯ ಟೀಚರು, ಒಮ್ಮೊಮ್ಮೆ ಮದುಮಗಳು, ಎಲ್ಲವೂ ಅವಳ ಜೀಪಿನಲ್ಲೇ ಹೋಗಬೇಕು. ಕಾಯಿಲೆಯವರು ಅದರಲ್ಲೇ ಇಳಿಯಬೇಕು. ದಾರಿಯ ಕೊನೆಗೆ ಕತ್ತೆಬೆನ್ನು ಎಂಬ ಏರು. ಹೋದ ವರ್ಷದಿಂದ ಜೀಪು ಅಲ್ಲಿ ಏದುಸಿರು ಬಿಡುತ್ತಿತ್ತು. ಅರ್ಧಕ್ಕೆ ಬರುವಷ್ಟರಲ್ಲಿ ಹಿಂದೆಲ್ಲ ಕಪ್ಪು ಹೊಗೆ. ಕೂತವರು ಇಳಿದು ಹೆಗಲು ಕೊಡಬೇಕು. "ನಾನು ಡ್ರೈವರ್ ಅಲ್ಲ, ಮೆರವಣಿಗೆ ಹೊರಡಿಸೋಳು," ಎಂದು ಅವಳೇ ನಗೆಯಾಡುತ್ತಿದ್ದಳು. ಕಳೆದ ವಾರ ಬೆನ್ನು ನೋವಿನ ಮುದುಕನೊಬ್ಬ ಇಳಿದು, ಜೀಪಿನ ಹಿಂದೆ ಕೋಲೂರಿ ಹತ್ತಿದ್ದನ್ನು ಕನ್ನಡಿಯಲ್ಲಿ ನೋಡಿದ ಮೇಲೆ ನಗು ಬರಲಿಲ್ಲ. ಸೀದಾ ತಮ್ಮನ ಶೆಡ್ಡಿಗೆ ಬಂದಿದ್ದಳು.

ತಮ್ಮನಿಗೆ ಬೀದಿಯವರು ಇಟ್ಟ ಹೆಸರು ಕಿವಿ. ಗಾಡಿ ಬೀದಿಯ ತಿರುವಿನಲ್ಲಿರುವಾಗಲೇ ಅದರ ಕಾಯಿಲೆ ಹೇಳಿಬಿಡುತ್ತಾನೆ ಎಂದು ಬಂದ ಹೆಸರು. ಹತ್ತಿರದಿಂದ ಪರೀಕ್ಷೆ ಮಾಡಲು ಒಂದು ಮೊಳ ರಬ್ಬರ್ ಪೈಪು ಸಾಕು. ಒಂದು ತುದಿ ಕಿವಿಗೆ, ಇನ್ನೊಂದು ಎಂಜಿನ್ನಿನ ಮೇಲೆ. ಅಳತೆಪಟ್ಟಿ ಇಟ್ಟು ಸಂದು ನೋಡುವ ಮೆಕ್ಯಾನಿಕ್‌ಗಳನ್ನು ಕಂಡರೆ ಅವನಿಗೆ ಅಯ್ಯೋ ಅನಿಸುತ್ತಿತ್ತು. "ಗೇಜು ಇರೋದು ಕಿವುಡರಿಗೆ," ಎನ್ನುತ್ತಿದ್ದ.

"ಇದನ್ನ ಗುಜರಿಗೆ ಹಾಕಿ ಬೇರೆ ಎಂಜಿನ್ ಕೂರಿಸು ಅಂತಾರಲ್ಲೋ ಎಲ್ಲರೂ," ಎಂದಳು ಅಕ್ಕ.

"ಎಲ್ಲರೂ ಹೇಳ್ತಾರೆ. ಇದರ ಎಲುಬು ಗಟ್ಟಿಯಿದೆ." ಅವನು ಸೀಮೆಸುಣ್ಣದಲ್ಲಿ ನೆಲದ ಮೇಲೆ ಗೀಚತೊಡಗಿದ. "ಪಿಸ್ಟನ್ ಓಡಾಡೋ ಬೋರ್ ಅಗಲ ಮಾಡಿಸ್ತೀನಿ. ದೊಡ್ಡ ಪಿಸ್ಟನ್ ಹಾಕ್ತೀನಿ. ಆಮೇಲೆ ಟರ್ಬೊ. ಸೈಲೆನ್ಸರ್ ಕಡೆಗೆ ದಂಡವಾಗಿ ಹೋಗ್ತಿದೆಯಲ್ಲ ಹೊಗೆ, ಅದರ ಕೈಯಲ್ಲೇ ಒಂದು ಚಕ್ರ ತಿರುಗಿಸಿ ಹೊಸ ಗಾಳಿ ಒಳಗೆ ತುರುಕಿಸೋದು."

"ಬಿಟ್ಟ ಉಸಿರಿನಿಂದ ಹೊಸ ಉಸಿರು?"

"ಹೂಂ."

"ಯೋಗ ಕಲಿಸ್ತೀಯಾ ಅನ್ನು."

ಅವನು ಗೀಚುತ್ತಲೇ ಇದ್ದ. ಇಂಥ ಮಾತಿಗೆ ತಿರುಗೇಟು ಕೊಡದೆ ಬಿಡುವ ಜಾತಿಯಲ್ಲ ಅವನದು. ಅಕ್ಕನಿಗೆ ಮಾತು ವ್ಯರ್ಥವಾದಂತೆನಿಸಿ ಸ್ವಲ್ಪ ಬೇಜಾರಾಯಿತು.

ಜೀಪಿಲ್ಲದ ಅಕ್ಕನಿಗೆ ಮನೆಯಲ್ಲಿ ಕೂರಲು ಬರುತ್ತಿರಲಿಲ್ಲ. ದಿನವೂ ಶೆಡ್ಡಿಗೆ ಬಂದು ನಟ್ಟುಗಳನ್ನು ಡೀಸೆಲ್ಲಿನಲ್ಲಿ ಅದ್ದಿ ಉಜ್ಜುತ್ತಿದ್ದಳು. ಲೇತ್ ಅಂಗಡಿಯಿಂದ ಎಂಜಿನ್ ವಾಪಸು ಬಂದಾಗ ಹೊಸದಾಗಿ ಕೊರೆದ ನಾಲ್ಕು ಸಿಲಿಂಡರ್ ಬಾವಿಗಳೊಳಗೆ ಇಣುಕಿ ನೋಡಿ, "ಇದರಲ್ಲಿ ಮುಖ ನೋಡಿಕೊಂಡು ತಲೆ ಬಾಚಬಹುದು," ಎಂದಳು. ತಮ್ಮ ಒಂದೊಂದೇ ಪಿಸ್ಟನ್ನಿಗೆ ಎಣ್ಣೆ ಸವರಿ, ಉಂಗುರಗಳನ್ನು ಬೆರಳಿನಲ್ಲಿ ಒತ್ತಿ ಹಿಡಿದು, ಸುತ್ತಿಗೆಯ ಹಿಡಿಯಿಂದ ಮೆಲ್ಲಗೆ ತಟ್ಟಿ ಒಳಗೆ ಕಳಿಸುತ್ತಿದ್ದ. ಆ ಹೊತ್ತಿನಲ್ಲಿ ಅವನ ನಾಲಿಗೆಯ ತುದಿ ಹೊರಗಿರುತ್ತಿತ್ತು. ಅಕ್ಷರ ತಿದ್ದುವಾಗಲೂ ಹಾಗೇ ಇತ್ತು ಎಂದು ಅವಳಿಗೆ ನೆನಪಾಗಿ, ಬೆನ್ನಿಗೊಂದು ಗುದ್ದು ಕೊಡುವ ಮನಸ್ಸಾಯಿತು.

ತಮ್ಮನ ಹೆಂಡತಿ ಮಧ್ಯಾಹ್ನ ಬುತ್ತಿ ತರುತ್ತಿದ್ದಳು. ಇವಳು ಬೈಗುಳದಲ್ಲೇ ಪ್ರೀತಿ ಮಾಡುವ ಹೆಂಗಸು. ಅವತ್ತು ಬಂದವಳೇ ಶೆಡ್ಡಿನ ರೇಡಿಯೊ ಸಣ್ಣ ಮಾಡಿದಳು. "ಮನೆಯಲ್ಲೂ ಹೀಗೇ, ಊರಿಗೆಲ್ಲ ಕೇಳಬೇಕು ಇವರ ರೇಡಿಯೊ. ಆದರೆ ಅಕ್ಕಾ, ಒಂದು ಮಾತು ಹೇಳಬೇಕು. ಈಚೆಗೆ ತುಂಬಾ ಒಳ್ಳೆಯವರಾಗಿಬಿಟ್ಟಿದಾರೆ ನಿಮ್ಮ ತಮ್ಮ. ಎಷ್ಟು ಬೈದರೂ ಎದುರು ಮಾತಾಡಲ್ಲ. ನಗ್ತಾರೆ. ಗಂಡಸರು ವಯಸ್ಸಾದ ಮೇಲೆ ಹಣ್ಣಾಗ್ತಾರೆ ಅನ್ನೋದು ಸುಳ್ಳಲ್ಲ."

ಅಕ್ಕ ನಗಲು ಹೊರಟವಳು ಅರ್ಧದಲ್ಲಿ ನಿಂತಳು. ಮೂಲೆಯ ಸ್ಟವ್ ಮೇಲೆ ಟೀ ಕೆಟಲು ಕೂಗುತ್ತಿತ್ತು. ಅದಕ್ಕೆ ಎರಡು ಮಾರು ದೂರದಲ್ಲಿ ಬೆನ್ನು ಹಾಕಿ ಕೂತಿದ್ದ ತಮ್ಮ, ತನ್ನ ಪಾಡಿಗೆ ತಾನು ಒಂದು ವಾಷರನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದ. ಕೆಟಲು ಕೂಗಿತು, ಕೂಗಿತು. ಕೊನೆಗೆ ಹೆಂಡತಿಯೇ ಹೋಗಿ ಆರಿಸಿದಳು.

ಅವಳು ಹೋದ ಮೇಲೆ ಅಕ್ಕ ಗೋಡೆಯತ್ತ ನೋಡಿದಳು. ಅವನ ರಬ್ಬರ್ ಪೈಪು ಯಾವಾಗಲೂ ತೂಗುತ್ತಿದ್ದ ಮೊಳೆಯಲ್ಲಿ ಈಗ ಒಂದು ಗೊಂಚಲೇ ಇತ್ತು. ಹಳೆಯ ಕರಿಯದು. ಪಕ್ಕದಲ್ಲಿ ದಪ್ಪದ್ದೊಂದು. ಸಣ್ಣದೊಂದು. ಆಸ್ಪತ್ರೆಯಲ್ಲಿ ಇರುವಂಥ, ಒಳಗೆ ಕಾಣುವ ಪೈಪು. ಇನ್ನೊಂದರ ತುದಿಗೆ ಆಲಿಕೆ ಸಿಕ್ಕಿಸಿ ತಂತಿ ಬಿಗಿದಿತ್ತು.

"ಇಷ್ಟೊಂದು ಯಾಕೋ?" ಅವನ ಎದುರಿಗೆ ಹೋಗಿ ನಿಂತು ಕೇಳಿದಳು.

ಅವನ ಕಣ್ಣು ಒಮ್ಮೆ ಮೊಳೆಗೆ ಹೋಗಿ ಬಂತು. "ಮೊದಲಿನ ಥರ ರಬ್ಬರ್ ಬರ್ತಿಲ್ಲ ಈಗ," ಎಂದ. "ಎಲ್ಲಾ ಕಳಪೆ ಮಾಲು."

ಅವಳು ಮತ್ತೆ ನಟ್ಟು ಉಜ್ಜಲು ಕೂತಳು. ಬೀದಿಯಲ್ಲಿ ಇವನ ಹೆಸರೇ ಕಿವಿ. ಆ ಹೆಸರು ಹೋದರೆ ಇವನನ್ನು ಜನ ಏನೆಂದು ಕರೆದಾರು? ಅದಕ್ಕಿಂತ ಹೆಚ್ಚಾಗಿ, ಇವನು ತನ್ನನ್ನು ತಾನು ಏನೆಂದು ಕರೆದುಕೊಂಡಾನು?

ಎಂಜಿನ್ ಚಾಲೂ ಮಾಡುವ ದಿನ ಪಕ್ಕದ ಅಂಗಡಿಯ ಟೈರಿನವನೂ ಬಂದ. ಕರೆಯದೆ ಬರುವುದು, ಕೇಳದೆ ಅಭಿಪ್ರಾಯ ಕೊಡುವುದು ಅವನ ಉಪಕಸುಬು. ಅಕ್ಕ ಕೀಲಿ ತಿರುಗಿಸಿದಳು. ಎಂಜಿನ್ ಎರಡು ಸಲ ಕೆಮ್ಮಿ, ಒಂದು ಸಲ ಸೀನಿ, ಹಿಡಿದುಕೊಂಡಿತು. ಇಡೀ ಜೀಪು ನಡುಗಿ ನೆಟ್ಟಗಾಯಿತು. ಕಾಲಿನಡಿ ಹೊಸ ಬಲ ತುಂಬಿಕೊಳ್ಳುತ್ತಿರುವುದು ಅವಳಿಗೆ ಪೆಡಲಿನಲ್ಲೇ ಗೊತ್ತಾಯಿತು. ಕಣ್ಣಲ್ಲಿ ನೀರು ಬರುವುದರಲ್ಲಿತ್ತು. ಆಗ ಕೇಳಿಸಿತು.

ಟಕ್. ಟಕ್. ಟಕ್.

ಡೀಸೆಲ್ ಎಂಜಿನ್ನಿನ ಸಹಜ ಗಲಾಟೆಯ ನಡುವೆ, ತೆಳ್ಳಗೆ, ಯಾರೋ ಬಾಗಿಲು ಬಡಿಯುವ ಹಾಗೆ. ಯಾವುದೋ ವಾಲ್ವಿನ ಟ್ಯಾಪೆಟ್ ಸಡಿಲವಿದೆ. ಇಷ್ಟು ವರ್ಷ ಜೀಪು ಓಡಿಸಿದವಳಿಗೆ ಅಷ್ಟು ತಿಳಿಯದೇ ಇರುತ್ತದೆಯೇ? ಇದೇ ಸ್ಥಿತಿಯಲ್ಲಿ ಜನರನ್ನು ತುಂಬಿಕೊಂಡು ಕತ್ತೆಬೆನ್ನು ಹತ್ತಿದರೆ, ಬಡಿದು ಬಡಿದು ಅದೇ ತನ್ನ ತಲೆ ಒಡೆದುಕೊಳ್ಳುತ್ತದೆ.

ತಮ್ಮ ಆಲಿಕೆಯ ಪೈಪು ಕಿವಿಗಿಟ್ಟು ಎಂಜಿನ್ನಿನ ಮೇಲೆ ಬಾಗಿದ್ದ. ಕಣ್ಣು ಮುಚ್ಚಿದ್ದ. ಆಮೇಲೆ ತಲೆಯೆತ್ತಿ ನಕ್ಕ.

"ಹಾಲು ಕುಡಿದ ಮಗು," ಎಂದ.

ಟೈರಿನವನು ಅಕ್ಕನ ಮುಖ ನೋಡಿದ. "ಅಲ್ಲಾ, ಏನೋ ಟಕ್ ಟಕ್ ಅಂತ..."

"ನಿನ್ನ ಹಲ್ಲು ಸೆಟ್ಟು," ಎಂದಳು ಅಕ್ಕ. ಜೀಪಿನಿಂದಿಳಿದು ಬಂದು ಅವನ ಕಾಲ ಮೇಲೆ ಚಪ್ಪಲಿ ಊರಿ ನಿಂತಳು. "ಹೋಗು, ಯಾರೋ ಗಿರಾಕಿ ಬಂದ ಹಾಗಿದೆ."

ಅವನು ಕಾಲು ಬಿಡಿಸಿಕೊಂಡು ಹೋದ. ಅಕ್ಕ ತಮ್ಮನ ಎದುರಿಗೆ ಬಂದಳು. ನೀನು ತಪ್ಪು ಮಾಡಿದೀಯ ಅನ್ನುವುದು ಅವಳಿಗೆ ಹೊಸದಲ್ಲ. ಚಿಕ್ಕವನಿದ್ದಾಗಿನಿಂದ ಅದನ್ನೇ ಹೇಳುತ್ತ ಬಂದಿದ್ದಳು. ಇವತ್ತು ಅದು ಬಾಯಿಗೆ ಬರಲಿಲ್ಲ.

"ಮೇಲಿನ ಮುಚ್ಚಳದ ಹತ್ತಿರ ಎಣ್ಣೆ ಸೋರ್ತಿದೆ," ಎಂದಳು ಗಟ್ಟಿಯಾಗಿ. "ಸರಿಯಾಗಿ ನೋಡು."

"ಸೋರೋದಾ? ನಾನು ಹಾಕಿದ ಪ್ಯಾಕಿಂಗು?"

"ನೋಡೋ ಅಂದ್ರೆ."

ಅವನಿಗೆ ಅವಮಾನವಾಗಿತ್ತು. ಒಂದು ಕೈಯಲ್ಲಿ ಲೈಟು ಹಿಡಿದ, ಇನ್ನೊಂದರಲ್ಲಿ ಬಟ್ಟೆ. ಉದ್ದನೆಯ ಸ್ಕ್ರೂಡ್ರೈವರಿಗೆ ಕೈ ಉಳಿಯದೆ, ಅದರ ಮರದ ಹಿಡಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಓಡುತ್ತಿದ್ದ ಎಂಜಿನ್ನಿನ ಮೇಲೆ ಬಾಗಿದ. ಮುಚ್ಚಳದ ಆಚೆ ಬದಿ ನೋಡಲು ಇನ್ನಷ್ಟು ಬಾಗಿದ. ಸ್ಕ್ರೂಡ್ರೈವರಿನ ತುದಿ ಕಬ್ಬಿಣಕ್ಕೆ ತಗುಲಿತು.

ಅವನು ಹಾಗೇ ನಿಂತುಬಿಟ್ಟ.

ಶಾಕ್ ಹೊಡೆಯಿತೇನೋ ಎಂದು ಅಕ್ಕ ಮುಂದೆ ಬಂದಳು. ಅವನು ಲೈಟು ಹಿಡಿದ ಕೈಯಿಂದಲೇ ಅವಳನ್ನು ತಡೆದ. ಬಟ್ಟೆ ಕೈಯಿಂದ ಜಾರಿ ಬಿತ್ತು. ತಲೆಯನ್ನು ಒಂದಿಷ್ಟು ಎತ್ತಿದ, ತುದಿ ಎಂಜಿನ್ನಿನಿಂದ ಬಿಟ್ಟಿತು. ಮತ್ತೆ ತಗ್ಗಿಸಿದ, ತಗುಲಿತು. ಎತ್ತಿದ. ತಗ್ಗಿಸಿದ. ನೀರು ಕುಡಿಯುವ ಹಕ್ಕಿಯಂತೆ. ಆಮೇಲೆ ತುದಿಯನ್ನು ಮುಚ್ಚಳದ ಉದ್ದಕ್ಕೂ ಸರಿಸುತ್ತ ಹೋಗಿ ಒಂದು ಕಡೆ ನಿಂತ.

"ಮೂರನೇದು," ಎಂದ, ಕಚ್ಚಿದ ಹಿಡಿ ಬಿಡದೆ.

ಕಿವಿಗೆ ದಕ್ಕದ ಟಕ್ ಟಕ್ ಹಲ್ಲಿನಿಂದ, ಎಲುಬಿನಿಂದ ಅವನ ತಲೆಗೆ ಹತ್ತಿದೆ ಎಂದು ಅಕ್ಕನಿಗೆ ಹೊಳೆಯಿತು. ಅವನು ಸ್ಕ್ರೂಡ್ರೈವರನ್ನು ಬಾಯಿಂದ ತೆಗೆದು, ಅದನ್ನು ಮೊದಲ ಸಲ ನೋಡುವವನಂತೆ ಹಿಂದೆ ಮುಂದೆ ತಿರುಗಿಸಿದ.

"ಎಣ್ಣೆ ಎಲ್ಲೂ ಸೋರ್ತಿಲ್ಲ, ಅಲ್ವಾ?"

"ಇಲ್ಲ."

"ನಿನಗೆ ಆಗಲೇ ಕೇಳಿಸಿತ್ತು. ಅವನಿಗೂ."

"ಅವನ ಕಾಲು ತುಳಿದಿದೀನಿ. ಎರಡು ದಿನ ಸುಮ್ಮನಿರ್ತಾನೆ."

ಅವನ ಮುಖದಲ್ಲಿ ನಗು ಬಂದಂತಾಗಿ, ಅಲ್ಲಿಂದ ಬೇರೆ ಎಲ್ಲಿಗೋ ಹೋಯಿತು. ಬೆನ್ನು ತಿರುಗಿಸಿ, ಸ್ಪ್ಯಾನರಿಗಾಗಿ ಡಬ್ಬಿಯಲ್ಲಿ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಹುಡುಕಿದ. "ಯಾರಿಗೂ ಹೇಳಬೇಡ," ಎಂದ ಡಬ್ಬಿಗೆ. "ಮನೆಯಲ್ಲಂತೂ ಹೇಳಲೇಬೇಡ."

ಮುಚ್ಚಳ ತೆಗೆದು, ಎಂಜಿನನ್ನು ಮೆಲ್ಲಗೆ ಓಡಲು ಬಿಟ್ಟು, ಅವನು ಮೂರನೆಯ ವಾಲ್ವಿನ ತಿರುಪು ಬಿಗಿಮಾಡಿದ. ಮುಖಕ್ಕೆ ಎಣ್ಣೆ ಸಿಡಿಯುತ್ತಿತ್ತು. ಬಾಯಲ್ಲಿ ಮರದ ಹಿಡಿ, ಕೈಯಲ್ಲಿ ಸ್ಪ್ಯಾನರು. ಕೂದಲೆಳೆಯಷ್ಟು ತಿರುಗಿಸುವುದು, ನಿಲ್ಲುವುದು. ಟಕ್ ಟಕ್ ಸಣ್ಣಗಾಗಿ, ದೂರವಾಗಿ, ಇಲ್ಲವಾಯಿತು. ಅವನು ಅಕ್ಕನ ಕಡೆ ನೋಡಿದ. ಅವಳು ತಲೆಯಾಡಿಸಿದಳು. ಅವಳು ನೀರು ಕುಡಿಯಲು ಹೋಗಿ ಬರುವಷ್ಟರಲ್ಲಿ ಎಂಜಿನ್ ಆರಿಸಿ, ಎಲ್ಲಿಂದಲೋ ಒಂದು ಗೇಜು ತಂದು ಸಂದಿಗೆ ತೂರಿಸಿ ನೋಡುತ್ತಿದ್ದ. ಅವಳನ್ನು ಕಂಡದ್ದೇ ತಡ, ಜೇಬಿಗೆ ಹಾಕಿಕೊಂಡ. ಅವಳೂ ಏನೂ ನೋಡದವಳಂತೆ ಆಕಾಶ ನೋಡಿದಳು.

ಮಾರನೆಯ ದಿನ ಬೆಳಿಗ್ಗೆ ಸಿಮೆಂಟು ಚೀಲ ಹೇರಿಕೊಂಡು ಕತ್ತೆಬೆನ್ನಿಗೆ ಹೊರಟರು. ತಮ್ಮ ಮುಂದೆ ಕೂತ. ಹಿಂದೆ ಚೀಲಗಳ ಮೇಲೆ ಅವನ ಹೆಂಡತಿ. "ಇವರು ಮಾಡಿದ್ದು ಹತ್ತದಿದ್ದರೆ ನೂಕೋಕೆ ಒಬ್ಬರು ಬೇಕಲ್ಲ," ಎಂದು ತಾನಾಗಿ ಹತ್ತಿದ್ದಳು. ತಮ್ಮ ಸ್ಕ್ರೂಡ್ರೈವರನ್ನು ಮಡಿಲಲ್ಲಿಟ್ಟುಕೊಂಡಿದ್ದ.

ಏರು ಶುರುವಾಯಿತು. ಎಲ್ಲರೂ ಇಳಿಯುತ್ತಿದ್ದ ಕಲ್ಲಿನ ಹತ್ತಿರ ಬರುತ್ತಲೇ ಅಕ್ಕನ ಕೈ ಅಭ್ಯಾಸಬಲದಿಂದ ಗೇರಿಗೆ ಹೋಯಿತು. ತಮ್ಮ ಅವಳ ಮಣಿಕಟ್ಟು ಹಿಡಿದ. "ಬೇಡ. ಕಾಲು ಒತ್ತು." ಒತ್ತಿದಳು. ಬೋನೆಟ್ಟಿನ ಕೆಳಗಿನಿಂದ ಸಣ್ಣ ಸಿಳ್ಳು ಎದ್ದಿತು. ಯಾರೋ ಹಿಂದಿನಿಂದ ಬೆನ್ನಿಗೆ ಅಂಗೈ ಕೊಟ್ಟು ತಳ್ಳಿದ ಹಾಗೆ ಜೀಪು ಮುಂದಕ್ಕೆ ಹೊರಟಿತು. ಕಲ್ಲು ಹಿಂದೆ ಸರಿಯಿತು. ಕನ್ನಡಿಯಲ್ಲಿ ಹೊಗೆಯಿಲ್ಲ, ಕೋಲೂರಿ ಬರುವವರಿಲ್ಲ. ಬರೀ ದಾರಿ, ಕೆಳಗೆ ಕೆಳಗೆ ಹೋಗುತ್ತ.

"ಅಯ್ಯಯ್ಯೋ, ಹಿಡ್ಕೊಳ್ರೇ, ಚೀಲದ ಜೊತೆ ನಾನೂ ಬೀಳ್ತೀನಿ!" ಹಿಂದಿನಿಂದ ಹೆಂಡತಿ ಕೂಗಿದಳು. "ಏನ್ರೀ, ಕೇಳಿಸ್ತಾ?"

ತಮ್ಮ ಮುಂದೆ ನೋಡುತ್ತ ನಗುತ್ತಿದ್ದ.

ನೆತ್ತಿಯ ಬಯಲಿನಲ್ಲಿ ಅಕ್ಕ ಕೀಲಿಗೆ ಕೈ ಹಾಕಿದಳು. ಅವನು ತಡೆದ. "ತಕ್ಷಣ ಆರಿಸಬೇಡ. ಟರ್ಬೊ ಸ್ವಲ್ಪ ಉಸಿರು ತಗೊಳ್ಳಲಿ." ಇಳಿದು ಬೋನೆಟ್ ಎತ್ತಿ, ಹಿಡಿ ಕಚ್ಚಿಕೊಂಡು ಬಾಗಿದ. ತುದಿಯಿಂದ ಒಂದೊಂದು ಕಡೆಯೂ ಮುಟ್ಟುತ್ತ ಹೋದ. ಕೊನೆಗೆ ಕೈ ಎತ್ತಿ ಸನ್ನೆ ಮಾಡಿದ. ಅಕ್ಕ ಎಂಜಿನ್ ಆರಿಸಿ ಇಳಿದು ಬಂದಳು. ಅವನಿನ್ನೂ ಬಗ್ಗಿಯೇ ಇದ್ದ.

"ಲೋ," ಎಂದಳು. ಅವನಿಗೆ ಕೇಳಿಸಲಿಲ್ಲ.

ಅವಳು ಸ್ಕ್ರೂಡ್ರೈವರಿನ ತುದಿ ಹಿಡಿದು ಎತ್ತಿದಳು, ಜೊತೆಗೆ ಅವನ ತಲೆಯೂ ಎದ್ದಿತು. ಅಂಗೈಯಲ್ಲಿ ಎಣ್ಣೆ ಒರೆಸಿ, ಆ ತುದಿಯನ್ನು ತನ್ನ ಗದ್ದಕ್ಕೆ ಒತ್ತಿಕೊಂಡು, ಅವನು ಮಗುವಾಗಿದ್ದಾಗ ಮಲಗಿಸಲು ಹೇಗೆ ಮಾತಾಡುತ್ತಿದ್ದಳೋ ಅಷ್ಟೇ ಸಣ್ಣಗೆ ಹೇಳಿದಳು: "ಹಾಲು ಕುಡಿದ ಮಗು."

ಅವನ ಹುಬ್ಬು ಮೇಲೇರಿತು. "ಯಾಕೆ ಕಿರುಚ್ತೀಯ?" ಎಂದ, ಹಿಡಿಯ ಸುತ್ತ ಮಾತು ತೊದಲುತ್ತ.

ಹೆಂಡತಿ ಸಿಮೆಂಟಿನ ಧೂಳು ಕೊಡವಿಕೊಳ್ಳುತ್ತ ಮುಂದಕ್ಕೆ ಬಂದಳು. "ಏನಿದು ಅಕ್ಕ ತಮ್ಮನ ಆಟ? ಕಬ್ಬಿಣ ತಿನ್ನೋಷ್ಟು ಹಸಿವಾ? ನಾನು ಅಲ್ಲಿಂದ ಕೂಗಿ ಕೂಗಿ ಗಂಟಲು..."

ಅಕ್ಕ ಪಕ್ಕಕ್ಕೆ ಸರಿದಳು. ಹೇಳುವುದು ಬಿಡುವುದು ಅವನಿಗೆ ಸೇರಿದ್ದು. ತಮ್ಮ ಹೆಂಡತಿಯನ್ನು ನೋಡಿದ. ಅವಳ ತುಟಿ ಆಡುವುದನ್ನು ನೋಡಿದ. ಆಮೇಲೆ ಕೈ ನೀಡಿ, ಬಾಯಿಂದ ಹಿಡಿ ಬಿಡದೆ, ಸ್ಕ್ರೂಡ್ರೈವರಿನ ತುದಿಯನ್ನು ನಿಧಾನವಾಗಿ ಅವಳ ಗದ್ದಕ್ಕೆ ತಂದು ನಿಲ್ಲಿಸಿದ.

ಅವಳು ಬೈಯಲು ಬಾಯಿ ತೆರೆದಳು. ಗಂಡನ ಮುಖ ನೋಡಿದಳು, ಆ ಕಬ್ಬಿಣದ ಕಡ್ಡಿ ನೋಡಿದಳು, ಅಕ್ಕನನ್ನು ನೋಡಿದಳು. ರೇಡಿಯೊ, ಕೆಟಲು, ಎದುರು ಮಾತಾಡದ ಒಳ್ಳೆಯತನ, ಎಲ್ಲ ಅವಳ ಕಣ್ಣಲ್ಲಿ ಒಂದೊಂದಾಗಿ ಹಾದುಹೋದವು. ಬಾಯಿ ತೆರೆದೇ ಇತ್ತು.

ಅವನು ಕಣ್ಣು ಮುಚ್ಚಿ ಅವಳ ಮಾತಿಗೆ ಕಾಯುತ್ತಿದ್ದ. ಬೋನೆಟ್ಟಿನ ಕೆಳಗೆ ಬಿಸಿ ಕಬ್ಬಿಣ ಟಿಣ್ ಟಿಣ್ ಎಂದು ತಣಿಯುತ್ತಿತ್ತು.