ಕುದುರೆಯ ಮಂಡಿಚಿಪ್ಪು

"ಅಯ್ಯೋ ಚಿಕ್ಕಮ್ಮ, ಆ ಡಬ್ಬಿ ಬೇಡ!"

ಮಗಳು ಕೂಗುವಷ್ಟರಲ್ಲಿ ಚಿಕ್ಕಮ್ಮ ಮುಚ್ಚಳ ತೆಗೆದಾಗಿತ್ತು. ನಡುಮನೆಯಲ್ಲಿ ತೀರಿಹೋದ ಅಮ್ಮನನ್ನು ಮಲಗಿಸಿದ್ದರು. ಬಂದವರಿಗೆ ಒಂದು ಲೋಟ ಚಹಾವಾದರೂ ಕೊಡೋಣವೆಂದು ಚಿಕ್ಕಮ್ಮ ಮೇಲಿನ ಹಲಗೆಯಿಂದ ಚಹಾಪುಡಿಯ ಡಬ್ಬಿ ಇಳಿಸಿದ್ದಳು. ಅದರಲ್ಲಿ ಪುಡಿ ಇರಲಿಲ್ಲ. ಹಳೇ ಬಟ್ಟೆಯಲ್ಲಿ ಸುತ್ತಿಟ್ಟ, ಮುಷ್ಟಿ ಗಾತ್ರದ, ಹಳದಿಗಟ್ಟಿದ ಮೂಳೆಯೊಂದಿತ್ತು.

"ಅಬ್ಬಬ್ಬಾ! ಯಾರನ್ನ ಮುಗಿಸಿದ್ಲೇ ನಿಮ್ಮಮ್ಮ?"

"ಕುದುರೇದು ಚಿಕ್ಕಮ್ಮ. ಮ್ಯೂಸಿಯಂ ಕುದುರೆ ಮಂಡಿಚಿಪ್ಪು."

"ಇದೇನಾ ಅದು! ಅಕ್ಕ ಸುಮ್ನೆ ಬಾಯಿಮಾತಿಗೆ ಹೇಳ್ತಾಳೆ ಅಂದ್ಕೊಂಡಿದ್ದೆ." ಚಿಕ್ಕಮ್ಮನಿಗೆ ಅಳುವಿನ ನಡುವೆಯೇ ನಗು ಬಂದು ಸೆರಗು ಬಾಯಿಗೆ ಒತ್ತಿಕೊಂಡಳು.

ಮ್ಯೂಸಿಯಂನ ನಿರ್ದೇಶಕರು ಹೂವಿನ ಹಾರ ಹಿಡಿದು ಬಂದದ್ದು ಆಗಲೇ. ಹಾರ ಇಟ್ಟರು, ಕೈ ಮುಗಿದರು, ಒಂದು ನಿಮಿಷ ಕಣ್ಣು ಮುಚ್ಚಿ ನಿಂತರು. ಆಮೇಲೆ ಅಡುಗೆಮನೆಯ ಬಾಗಿಲಿಗೆ ಬಂದು ದನಿ ತಗ್ಗಿಸಿದರು.

"ಇಂಥ ಹೊತ್ತಲ್ಲಿ ಕೇಳಬಾರದಮ್ಮ. ಆದ್ರೆ ಸೋಮವಾರ ಹೊಸ ಕಟ್ಟಡದ ಉದ್ಘಾಟನೆ. ಕುದುರೇನ ನಟ್ಟನಡುವೆ ನಿಲ್ಲಿಸಿದೀವಿ. ಬಂದವರೆಲ್ಲ ಮೊದಲು ನೋಡೋದೇ ಆ ಚಿಪ್ಪಿಲ್ಲದ ಕಾಲನ್ನ."

ಮಗಳು ಯಾರ ಮುಖವನ್ನೂ ನೋಡಿ ಮಾತಾಡಿದವಳಲ್ಲ. ಈಗಲೂ ತನ್ನ ಕಾಲ್ಬೆರಳು ನೋಡುತ್ತಲೇ ಕೇಳಿದಳು: "ಬೋರ್ಡಲ್ಲಿ ಅಮ್ಮನ ಹೆಸರು?"

"ಸಮಿತಿ ಮುಂದೆ ಇಡ್ತೀನಿ."

ಅವಳು ಡಬ್ಬಿಯ ಮುಚ್ಚಳ ಒತ್ತಿ ಹಾಕಿದಳು.

*

ಇಪ್ಪತ್ತೆರಡು ವರ್ಷದ ಹಿಂದೆ ಮ್ಯೂಸಿಯಂ ಎಂದರೆ ಅಂಚೆ ಕಚೇರಿಯ ಮಹಡಿಯ ಒಂದೇ ಕೋಣೆ. ಒಂದು ದೂರದರ್ಶಕ, ಆರು ವರ್ಣಚಿತ್ರ, ಜಾಡಿಗಳಲ್ಲಿ ಹಾವು, ಮೂಲೆಯಲ್ಲಿ ಕುದುರೆಯ ಅಸ್ಥಿಪಂಜರ. ಅಮ್ಮ ಕಸ ಗುಡಿಸುವವಳು. ಕುದುರೆಯನ್ನು ಮುಟ್ಟಲು ಉಳಿದವರು ಹೇಸುತ್ತಿದ್ದರು. ಅವಳು ದಿನಾ ಒಂದೊಂದೇ ಮೂಳೆ ಒರೆಸುತ್ತಿದ್ದಳು.

ದೊಡ್ಡ ಕಟ್ಟಡಕ್ಕೆ ಸಾಗಿಸುವ ದಿನ ಹಗ್ಗ ಹರಿದು ಕುದುರೆ ಮೆಟ್ಟಿಲಿನಿಂದ ಉರುಳಿತು. ಇನ್ನೂರು ಚಿಲ್ಲರೆ ಮೂಳೆ ದಿಕ್ಕಾಪಾಲು. ಅಂದಿನ ನಿರ್ದೇಶಕರು ತಲೆಯ ಮೇಲೆ ಕೈಹೊತ್ತು ಕೂತುಬಿಟ್ಟರು.

"ನಾನು ಜೋಡಿಸ್ತೀನಿ ಸಾರ್."

"ನಿನಗೇನು ಗೊತ್ತಮ್ಮ?"

"ನನಗೆ ಗೊತ್ತಿಲ್ಲ. ನನ್ನ ಕೈಗೆ ಗೊತ್ತು."

ಹನ್ನೊಂದು ದಿನ ನೆಲದ ಮೇಲೆ ಕೂತು ಜೋಡಿಸಿದಳು. ಆರು ವರ್ಷದ ಮಗಳು ಪಕ್ಕದಲ್ಲಿ ಕೂತು ತಂತಿ ಕತ್ತರಿಸಿ ಕೊಟ್ಟಳು. ಕುದುರೆ ಎದ್ದು ನಿಂತಿತು. ಮರುವಾರ ಅದರ ಕಾಲಡಿಗೆ ಬೋರ್ಡು ಬಂತು. 'ಜೋಡಣೆ: ನಿರ್ದೇಶಕರು.' ಅಮ್ಮ ಅಕ್ಷರ ಕೂಡಿಸಿ ಕೂಡಿಸಿ ಎರಡು ಸಲ ಓದಿದಳು. ತಂತಿ ಬಿಚ್ಚಿ ಮಂಡಿಚಿಪ್ಪನ್ನು ಮಡಿಲಿಗೆ ಹಾಕಿಕೊಂಡು ನೇರ ನಿರ್ದೇಶಕರ ಕೋಣೆಗೆ ಹೋದಳು.

"ಹೆಸರು ಬರಲಿ, ಮೂಳೆ ಬರುತ್ತೆ."

ಅವರು ದೂರು ಕೊಡಬಹುದಿತ್ತು. ಕೊಟ್ಟರೆ ಕುದುರೆ ನಿಲ್ಲಿಸಿದವರು ಯಾರೆಂಬುದೂ ಹೊರಬೀಳುತ್ತಿತ್ತು. ಬಾಯಿಗೆ ಬೀಗ ಹಾಕಿಕೊಂಡರು.

ಮ್ಯೂಸಿಯಂ ಬೆಳೆಯಿತು. ವಿಜ್ಞಾನದ ಹಜಾರ ಬಂತು, ಚಿತ್ರಗಳಿಗೇ ಒಂದು ಮಹಡಿ ಬಂತು. ಪ್ರತಿ ಸಲ ಕುದುರೆ ಜಾಗ ಬದಲಿಸಿದಾಗಲೂ ಬಿಚ್ಚಿ ಕಟ್ಟಲು ಅಮ್ಮನೇ ಬೇಕು. ನಿರ್ದೇಶಕರು ನಾಲ್ವರು ಬದಲಾದರು. ಬೋರ್ಡಿನಲ್ಲಿ ಒಂದೇ ಸಾಲು ಹೆಚ್ಚಾಯಿತು: 'ಬಲ ಹಿಂಗಾಲಿನ ಮಂಡಿಚಿಪ್ಪು ಕಳೆದುಹೋಗಿದೆ.' ಶಾಲೆಯ ಮಕ್ಕಳು ಅದನ್ನು ಓದುವುದೇ ತಡ, ಅಮ್ಮ ಪೊರಕೆಗೆ ಗದ್ದ ಊರಿ ಗಟ್ಟಿಯಾಗಿ ಹೇಳುತ್ತಿದ್ದಳು, "ಕಳೆದಿಲ್ಲ ಮಕ್ಕಳೇ. ನಮ್ಮನೇಲಿದೆ, ಚಹಾ ಡಬ್ಬೀಲಿ!"

*

ಮಧ್ಯಾಹ್ನ ಅಮ್ಮನನ್ನು ಗುಂಡಿಗಿಳಿಸಿದರು. ಮಗಳ ಕಂಕುಳಲ್ಲಿ ಡಬ್ಬಿ ಇತ್ತು. ನಿರ್ದೇಶಕರ ಕಣ್ಣು ಅದನ್ನು ಬಿಟ್ಟು ಕದಲಿರಲಿಲ್ಲ.

"ಕೊಟ್ಬಿಡೇ," ಚಿಕ್ಕಮ್ಮ ಕಿವಿಯಲ್ಲಿ ಪಿಸುಗುಟ್ಟಿದಳು. "ಸತ್ತೋಳಿಗೆ ಹೆಸರು ಕಟ್ಕೊಂಡು ಏನಾಗ್ಬೇಕು?"

"ಬದುಕಿದ್ದಾಗ ಕೊಟ್ಟಿದ್ರೆ ಈಗ ಯಾಕೆ ಕೇಳ್ತಿದ್ದೆ ಚಿಕ್ಕಮ್ಮ?"

ಹೇಳಿದವಳು ಗುಂಡಿಯ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತಳು. ಡಬ್ಬಿಯನ್ನು ಒಳಕ್ಕೆ ಚಾಚಿ ಹಿಡಿದಳು. ಎಂದೂ ಎತ್ತದ ತಲೆ ಎತ್ತಿದಳು.

"ಸಾರ್, ಅಮ್ಮನ ಜೊತೇಲೇ ಹಾಕ್ಬಿಡ್ಲಾ?"

"ಅಯ್ಯಯ್ಯೋ, ಬೇಡಮ್ಮ! ಸಮಿತಿ ಒಂದು ಸಲ ಸೇರಿದ್ರೆ..."

"ಸಮಿತಿ ಇಲ್ಲಿಲ್ಲ ಸಾರ್. ನೀವಿದೀರಿ."

ಮಣ್ಣು ಹಾಕಲು ಬಗ್ಗಿದವರು ಹಾಗೇ ನಿಂತರು. ಯಾರೋ ಕೆಮ್ಮಿದರು. ಎಲ್ಲರೂ ಬೋರ್ಡು ತಾತ ಅನ್ನುವ ಮುದುಕ, ಮ್ಯೂಸಿಯಂನ ಒಂದೊಂದು ಬೋರ್ಡನ್ನೂ ಬರೆದವನು.

"ಕುಂಚ, ಬಣ್ಣ ಚೀಲದಲ್ಲೇ ಇದೆ. ಅವತ್ತು ಹೇಳಿದ ಹೆಸರು ಬರೆದೆ. ಬರೀವಾಗಲೇ ಸುಳ್ಳು ಅಂತ ಗೊತ್ತಿತ್ತು." ತಾತ ನಿರ್ದೇಶಕರತ್ತ ತಿರುಗಿದ. "ಹೂಂ ಅನ್ನಿ ಸಾರ್. ನನಗೂ ವಯಸ್ಸಾಯ್ತು."

ಡಬ್ಬಿ ಹಿಡಿದ ಕೈ ಹಿಂದಕ್ಕೆ ಬರಲಿಲ್ಲ.

"ಅನ್ರೀ!" ಎಂದು ಗದರಿದವಳು ಚಿಕ್ಕಮ್ಮ. "ನಮ್ಮಕ್ಕನ್ನ ಇನ್ನೂ ಎಷ್ಟೊತ್ತು ಬಿಸಿಲಲ್ಲಿ ಕಾಯಿಸ್ತೀರಿ?"

"ಹೂಂ," ಎಂದರು ನಿರ್ದೇಶಕರು.

*

ಹೊಸ ಕಟ್ಟಡದ ಹೊಳೆಯುವ ನೆಲದ ಮೇಲೆ ನಾಲ್ಕು ಜನರ ಮಣ್ಣಿನ ಹೆಜ್ಜೆ ಬಾಗಿಲಿನಿಂದ ಕುದುರೆಯವರೆಗೂ ಮೂಡಿತ್ತು. ಅಮ್ಮ ಕೂರುತ್ತಿದ್ದ ಮೋಟು ಸ್ಟೂಲಿನ ಮೇಲೆ ಮಗಳು ಕೂತಿದ್ದಳು. ಮಡಿಲಲ್ಲಿ ಮುಚ್ಚಿದ ಡಬ್ಬಿ.

ತಾತ 'ಜೋಡಣೆ'ಯ ಮುಂದಿದ್ದ 'ನಿರ್ದೇಶಕರು' ಪದಕ್ಕೆ ಬಿಳಿ ಬಳಿದು, ಅದು ಒಣಗಿದ ಮೇಲೆ ಅಮ್ಮನ ಹೆಸರನ್ನು ಕಪ್ಪಿನಲ್ಲಿ, ದಪ್ಪಕ್ಷರದಲ್ಲಿ ಬರೆದ. ಕುಂಚ ಒರೆಸಿಕೊಂಡು ಪಕ್ಕಕ್ಕೆ ಸರಿದ.

"ಆಯ್ತಲ್ಲಮ್ಮ. ಈಗ ಕೊಡು," ಎಂದರು ನಿರ್ದೇಶಕರು.

"ಹಸೀ ಬಣ್ಣ ಸಾರ್. ಒರೆಸಿದ್ರೆ ಹೋಗುತ್ತೆ. ಒಣಗಲಿ."

"ಎಷ್ಟೊತ್ತು?"

"ಅಮ್ಮ ಇಪ್ಪತ್ತೆರಡು ವರ್ಷ ಕಾದಳು."

ಅವರು ಗಡಿಯಾರ ನೋಡಿದರು. ಬಾಗಿಲ ಕಡೆ ನೋಡಿದರು. ತಾತ ಬೆರಳ ತುದಿಯಿಂದ ಒಂದಕ್ಷರ ಮುಟ್ಟಿ, ಇನ್ನೂ ಇಲ್ಲವೆಂದು ತಲೆಯಾಡಿಸಿದ. ಚಿಕ್ಕಮ್ಮ ಆರಾಮಾಗಿ ಗೋಡೆಗೊರಗಿ ನೆಲದ ಮೇಲೆ ಕೂತಳು.

ಬೋರ್ಡು ಇದ್ದದ್ದು ಕೆಳಗೆ, ಕುದುರೆಯ ಗೊರಸಿನ ಪಕ್ಕದಲ್ಲಿ. ನಿರ್ದೇಶಕರು ಒಂದೆರಡು ಸಲ ಅತ್ತಿತ್ತ ಓಡಾಡಿದರು. ಆಮೇಲೆ ಪ್ಯಾಂಟನ್ನು ತುಸು ಮೇಲೆಳೆದುಕೊಂಡು ಮಂಡಿಯೂರಿ ಕೂತು, ಬಗ್ಗಿ, ಅಮ್ಮನ ಹೆಸರಿನ ಮೊದಲ ಅಕ್ಷರದಿಂದ ಉಫ್ ಉಫ್ ಎಂದು ಊದತೊಡಗಿದರು.